ಚಾರ್ಮಾಡಿ ಇಳಿದು ಮಂಗಳೂರಿಗೆ: ಬೈಕ್ ಪ್ರಯಾಣಕ್ಕೆ ನಾನು ಹಾಕುವ ಲೆಕ್ಕ

ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿಲೋಮೀಟರ್. ಆದರೆ ಯೋಜನೆ ಹಾಕುವಾಗ ನಾನು ಈ ಅಂಕಿಯಿಂದ ಶುರುಮಾಡುವುದಿಲ್ಲ. ಘಟ್ಟದ ತಲೆಗೆ ಎಷ್ಟು ಗಂಟೆಗೆ ಮುಟ್ಟಬೇಕು ಎನ್ನುವುದನ್ನು ಮೊದಲು ಗೊತ್ತುಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸಿಕೊಂಡು ಮನೆ ಬಿಡುವ ಹೊತ್ತನ್ನು ಇಟ್ಟುಕೊಳ್ಳುತ್ತೇನೆ. ಉಳಿದ 320 ಕಿಲೋಮೀಟರ್ ರಸ್ತೆಯಲ್ಲಿ ಅರ್ಧ ಗಂಟೆ ಆಚೀಚೆಯಾದರೆ ಏನೂ ಆಗದು. ಘಾಟಿಯಲ್ಲಿ ಹೊತ್ತು ತಪ್ಪಿದರೆ ಮಂಜೋ ಮಳೆಯೋ ಎದುರು ಬಿಸಿಲೋ ಒಂದಲ್ಲ ಒಂದು ಕಾಡುತ್ತದೆ.

ಇಳಿಯಲು ಘಾಟಿಗಳು ಹಲವು ಇವೆ. ಶಿರಾಡಿ ನೇರ ದಾರಿ, ಆದರೆ ಟ್ಯಾಂಕರ್, ಲಾರಿ, ಬಸ್ಸುಗಳ ಸಾಲಿನ ಹಿಂದೆ ಹೊಗೆ ಕುಡಿಯುತ್ತಾ ಇಳಿಯಬೇಕು. ನೋಟಕ್ಕೆಂದು ಹೋಗುವವರಿಗೆ ಅದು ದಾರಿಯೇ ಅಲ್ಲ. ಬಿಸಿಲೆ ಚೆಂದ, ಆದರೆ ನಿರ್ಜನ. ಮೊಬೈಲ್ ಸಿಗ್ನಲ್ ಇಲ್ಲದ ಉದ್ದುದ್ದ ತುಂಡುಗಳಿವೆ, ಒಬ್ಬರೇ ಹೋಗುವಾಗ ಬೇಡ. ಆಗುಂಬೆಯ 14 ತಿರುವುಗಳು ಸೊಗಸು, ಆದರೆ ಅದು ತೀರ್ಥಹಳ್ಳಿ ಮೇಲೆ ಹೋಗಿ ಉಡುಪಿ ಕಡೆ ಇಳಿಯುವ ಸುತ್ತುದಾರಿ. ಎರಡು ದಿನ ಕೈಯಲ್ಲಿದ್ದರೆ ಸರಿ. ಒಂದೇ ಹಗಲಲ್ಲಿ ಮುಗಿಯಬೇಕು, ಕಣ್ಣಿಗೂ ತುಂಬಬೇಕು ಎಂದರೆ ನನ್ನ ಆಯ್ಕೆ ಚಾರ್ಮಾಡಿ: ಕುಣಿಗಲ್, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣ, ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಘಾಟಿ, ಉಜಿರೆ, ಬೆಳ್ತಂಗಡಿ, ಬಿ.ಸಿ.ರೋಡ್.

ಕಾಲ ನೋಡಿಕೊಳ್ಳಬೇಕು. ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗೆ ಅತ್ಯುತ್ತಮ: ಅಬ್ಬಿಗಳಲ್ಲಿ ನೀರಿರುತ್ತದೆ, ರಸ್ತೆ ಬಹುಮಟ್ಟಿಗೆ ಒಣಗಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಚಳಿ, ಬೆಳಗಿನ ಮಂಜು. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ವಾರ ಮೂಡಿಗೆರೆ ಸುತ್ತ ಕಾಫಿ ಹೂವಿನ ಘಮ ಹೆಲ್ಮೆಟ್ಟಿನೊಳಗೂ ಬರುತ್ತದೆ. ಆದರೆ ಕೆಳಗಿಳಿದ ಮೇಲೆ ಕರಾವಳಿಯ ಸೆಕೆಯಲ್ಲಿ ಜಾಕೆಟ್ ಹಾಕಿಕೊಂಡಿರುವುದೇ ಶಿಕ್ಷೆ. ಜೂನ್‌ನಿಂದ ಸೆಪ್ಟೆಂಬರ್ ಹೋಗಲೇಬೇಕೆಂದರೆ ಹಿಂದಿನ ಸಂಜೆಯೇ ರಸ್ತೆ ತೆರೆದಿದೆಯೇ ಎಂದು ತಿಳಿದುಕೊಳ್ಳಿ. 2019ರ ಆಗಸ್ಟ್ ಮಳೆಯಲ್ಲಿ ಚಾರ್ಮಾಡಿಯ ಗುಡ್ಡ ಹಲವೆಡೆ ಕುಸಿದು ಸಂಚಾರವೇ ನಿಂತಿತ್ತು. ಘಾಟಿಯ ಮೇಲ್ಭಾಗ ಚಿಕ್ಕಮಗಳೂರು ಜಿಲ್ಲೆಗೆ, ಕೆಳಭಾಗ ದಕ್ಷಿಣ ಕನ್ನಡಕ್ಕೆ ಸೇರಿದೆ. ಹಾಗಾಗಿ ಇಬ್ಬರು ಜಿಲ್ಲಾಧಿಕಾರಿಗಳ ಆದೇಶವನ್ನೂ ನೋಡಬೇಕು, ಒಂದು ಕಡೆಯದ್ದು ಮಾತ್ರ ಸಾಲದು.

ಈಗ ಹೊತ್ತಿನ ಲೆಕ್ಕ. ಕೊಟ್ಟಿಗೆಹಾರವನ್ನು ಹತ್ತೂವರೆಯಿಂದ ಹನ್ನೆರಡರೊಳಗೆ ಬಿಡುವಂತೆ ಇಟ್ಟುಕೊಳ್ಳುತ್ತೇನೆ. ಅದಕ್ಕಿಂತ ಮುಂಚೆ ಹೋದರೆ ಮೇಲಿನ ತಿರುವುಗಳಲ್ಲಿ ಮಂಜು ಕರಗಿರುವುದಿಲ್ಲ. ಬೇಲೂರು, ಮೂಡಿಗೆರೆ ಸೀಮೆಯಲ್ಲಿ ಕಾಡಾನೆಗಳು ತೋಟದಿಂದ ತೋಟಕ್ಕೆ ರಸ್ತೆ ದಾಟುವುದೂ ನಸುಕಿನಲ್ಲೇ. ತಡವಾದರೆ ಇನ್ನೊಂದು ತೊಂದರೆ. ಹಿಂಗಾರಿನಲ್ಲೂ ಏಪ್ರಿಲ್, ಮೇ ತಿಂಗಳಲ್ಲೂ ಗುಡುಗು ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಮಳೆ ಬಾರದಿದ್ದರೂ ಘಾಟಿ ಪಡುವಣಕ್ಕೆ ಇಳಿಯುತ್ತದೆ; ನಾಲ್ಕರ ನಂತರ ಸೂರ್ಯ ನೇರ ವೈಸರಿಗೆ ಹೊಡೆಯುತ್ತಾನೆ. ಮರದ ನೆರಳಿನಿಂದ ಬಿಸಿಲಿಗೆ, ಬಿಸಿಲಿನಿಂದ ನೆರಳಿಗೆ ಹೋಗುವ ಪ್ರತಿ ತಿರುವಿನಲ್ಲೂ ಕಣ್ಣು ಒಂದು ಕ್ಷಣ ಕುರುಡಾಗುತ್ತದೆ, ಜಲ್ಲಿ ಬಿದ್ದಿರುವುದೂ ಅಲ್ಲೇ.

ಹೆದ್ದಾರಿಯಲ್ಲಿ ಗಂಟೆಗೆ ಸರಾಸರಿ 60, ಹಾಸನ ದಾಟಿದ ಮೇಲೆ 40, ಘಾಟಿಯಲ್ಲಿ 25 ಎಂದು ಹಿಡಿಯಿರಿ. ಇದು ನಿಂತು ಹೋಗುವ ಸರಾಸರಿಯಲ್ಲ, ಓಡುವಾಗಿನದು. ನಿಲುಗಡೆಗೆ ಒಟ್ಟು ಒಂದು ಗಂಟೆ ಬೇರೆ ಸೇರಿಸಿ. ಹೀಗೆ ಎಣಿಸಿದರೆ ಐದಕ್ಕೆ ಮುಂಚೆ ಬೆಂಗಳೂರು ಬಿಡಬೇಕು. ನೆಲಮಂಗಲ ದಾಟುವಷ್ಟರಲ್ಲಿ ಬೆಳಕು ಹರಿಯಲು ಶುರುವಾದರೆ ಹದ. ಹೆದ್ದಾರಿಯ ಟೋಲ್‌ಗಳಲ್ಲಿ ದ್ವಿಚಕ್ರಕ್ಕೆ ಶುಲ್ಕವಿಲ್ಲ, ಎಡತುದಿಯಲ್ಲಿ ಪಕ್ಕದಾರಿ ಇರುತ್ತದೆ. ಹಾಸನದವರೆಗಿನ ರಸ್ತೆ ಬಗ್ಗೆ ಹೇಳುವಂಥದ್ದು ಕಡಿಮೆ: ಊರೂರಿನ ಬಳಿ ಡಿವೈಡರ್ ಸಂದಿಯಿಂದ ತಟ್ಟನೆ ನುಗ್ಗುವ ಗಾಡಿಗಳು, ಎದುರು ದಿಕ್ಕಿನಲ್ಲಿ ಬರುವ ಟ್ರ್ಯಾಕ್ಟರ್, ಅಷ್ಟೇ.

ಬೈಕಿನ ತಯಾರಿಯನ್ನು ಹೊರಡುವ ಹಿಂದಿನ ದಿನ ಮಾಡಬೇಡಿ. ಒಂದು ವಾರ ಮೊದಲೇ ಮುಗಿಸಿ ಊರಲ್ಲಿ ನೂರು ಕಿಲೋಮೀಟರ್ ಓಡಿಸಿದರೆ ಮೆಕ್ಯಾನಿಕ್ ಸರಿಯಾಗಿ ಬಿಗಿಯದ ಬೋಲ್ಟು, ಸೋರುವ ಸೀಲು ಎಲ್ಲ ಊರಲ್ಲೇ ಬಯಲಾಗುತ್ತದೆ.

ಮೊದಲು ಬ್ರೇಕು. ಮುಂದಿನ ಡಿಸ್ಕಿನ ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ದಾಟಿದ್ದರೆ ಹೊಸದು ಹಾಕಿಸಿ, ಬಣ್ಣ ಚೆನ್ನಾಗಿಯೇ ಕಂಡರೂ. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬ ನಿಯಮವಿದೆ. ತೇವ ಹೀರಿದ ಆಯಿಲಿಗೆ ಆ ಮಿತಿ 155 ಡಿಗ್ರಿ ಮಾತ್ರ. ಘಾಟಿ ಇಳಿಯುತ್ತಾ ಬ್ರೇಕ್ ಲಿವರನ್ನು ಒತ್ತಿಕೊಂಡೇ ಇದ್ದರೆ, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಕಾದು ಆಯಿಲಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ಆಗ ಲಿವರ್ ಸ್ಪಂಜಿನಂತೆ ಮೆತ್ತಗಾಗಿ ಹ್ಯಾಂಡಲ್‌ವರೆಗೆ ಬಂದುಬಿಡುತ್ತದೆ, ಗಾಡಿ ನಿಲ್ಲುವುದಿಲ್ಲ. ಪ್ಯಾಡಿನ ಮೇಲೆ ಸವೆತದ ಗೆರೆ ಹಾಕಿರುತ್ತಾರೆ. ಆ ಗೆರೆ ಅಳಿಯುವ ಹಂತಕ್ಕೆ ಬಂದಿದ್ದರೆ ಬದಲಿಸಿ.

ಚೈನಿಗೆ ಬರೋಣ. ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ ಹಿಂದಿನ ಗಾಲಿಯನ್ನು ನಿಧಾನ ತಿರುಗಿಸುತ್ತಾ ನಾಲ್ಕೈದು ಕಡೆ ಚೈನನ್ನು ಮೇಲೆ ಕೆಳಗೆ ಆಡಿಸಿ ನೋಡಿ. ಎಲ್ಲ ಕಡೆ ಒಂದೇ ಸಡಿಲ ಇರುವುದಿಲ್ಲ. ಅತಿ ಬಿಗಿಯಾದ ಜಾಗದಲ್ಲಿ ಅಳತೆ ಇಡಬೇಕು, ಹೆಚ್ಚಿನ ಬೈಕುಗಳಲ್ಲಿ 25ರಿಂದ 30 ಮಿಲಿಮೀಟರ್. ನಿಮ್ಮ ಗಾಡಿಯ ಲೆಕ್ಕ ಕೈಪಿಡಿಯಲ್ಲಿರುತ್ತದೆ. ಬಿಗಿಗೂ ಸಡಿಲಕ್ಕೂ ನಡುವೆ ಬಹಳ ವ್ಯತ್ಯಾಸ ಕಂಡರೆ ಚೈನ್ ಸ್ಪ್ರಾಕೆಟ್ ಸೆಟ್ ಮುಗಿಯಿತು ಎಂದೇ ಅರ್ಥ, ಹೊಂದಿಸಿ ಪ್ರಯೋಜನವಿಲ್ಲ. ಬಿಗಿ ಮಾಡುವಾಗ ಹಿಂದಿನ ಗಾಲಿಯನ್ನು ಹಿಡಿದಿರುವ ಸ್ವಿಂಗ್ ಆರ್ಮಿನ ಎರಡೂ ಬದಿಯ ಗೆರೆ ಸಮ ಇರಲಿ. ಹಿಂದೆ ಡ್ರಮ್ ಬ್ರೇಕ್ ಇರುವವರು ಇಲ್ಲೊಂದು ಮರೆಯುತ್ತಾರೆ: ಗಾಲಿ ಹಿಂದಕ್ಕೆ ಸರಿದಾಗ ಬ್ರೇಕ್ ರಾಡೂ ಬಿಗಿಯಾಗುತ್ತದೆ. ಅದನ್ನು ಸಡಿಲಿಸದೆ ಹೊರಟರೆ ಬ್ರೇಕ್ ಶೂ ದಾರಿಯುದ್ದಕ್ಕೂ ಉಜ್ಜುತ್ತಾ, ಘಾಟಿ ಬರುವ ಮುಂಚೆಯೇ ಡ್ರಮ್ ಕಾದಿರುತ್ತದೆ.

ಟಯರು ಸವೆತದ ಗುರುತಿನ ಹತ್ತಿರ ಬಂದಿದ್ದರೆ ಒಣ ರಸ್ತೆಗೆ ನಡೆದೀತು, ಒದ್ದೆ ಘಾಟಿಗೆ ಬೇಡ. ಗಾಳಿಯನ್ನು ಬೆಳಗ್ಗೆ ತಣ್ಣಗಿರುವಾಗ ಅಳೆಯಿರಿ. ನೂರಾರು ಕಿಲೋಮೀಟರ್ ಓಡಿ ಬಂಕಿನಲ್ಲಿ ಅಳೆದರೆ ಎರಡು ಮೂರು ಪಿಎಸ್‌ಐ ಹೆಚ್ಚೇ ತೋರಿಸುತ್ತದೆ; ಆಗ ಗಾಳಿ ಇಳಿಸಬಾರದು. 150 ಸಿಸಿ ಗಾಡಿಗಳಲ್ಲಿ ಸಾಮಾನ್ಯವಾಗಿ ಮುಂದೆ 25, ಹಿಂದೆ ಒಬ್ಬರಿಗೆ 28, ಇಬ್ಬರಿಗೆ 32. ದೊಡ್ಡ ಗಾಡಿಗಳಿಗೆ ಬೇರೆ, ಗಾಡಿಗೆ ಅಂಟಿಸಿದ ಸ್ಟಿಕ್ಕರ್ ನೋಡಿ. ಇಬ್ಬರು ಲಗೇಜು ಸಮೇತ ಕೂತರೆ ಹಿಂದಿನ ಶಾಕ್ ಅಬ್ಸಾರ್ಬರನ್ನು ಒಂದೆರಡು ಹಂತ ಗಟ್ಟಿ ಮಾಡಿ, ಹೆಡ್‌ಲೈಟನ್ನು ಕೊಂಚ ಕೆಳಗಿಳಿಸಿ. ಹಿಂಭಾಗ ಕುಸಿದಾಗ ಬೆಳಕು ರಸ್ತೆ ಬಿಟ್ಟು ಎದುರಿನವರ ಕಣ್ಣಿಗೆ ಹೋಗುತ್ತದೆ.

ಜೊತೆಗೆ ಒಯ್ಯುವುದು: ಟ್ಯೂಬ್‌ಲೆಸ್ ಆದರೆ ಪಂಕ್ಚರ್ ಕಿಟ್ ಮತ್ತು ಕೈಪಂಪು, ಕಡ್ಡಿ ಗಾಲಿಯವರಿಗೆ ಟ್ಯೂಬು, ಟಯರ್ ಲಿವರ್. ಒಂದು ಸ್ಪಾರ್ಕ್ ಪ್ಲಗ್, ಫ್ಯೂಸುಗಳು, 10ರಿಂದ 17ರವರೆಗಿನ ಸ್ಪ್ಯಾನರು, ನಿಮ್ಮ ಗಾಡಿಯ ಹಿಂದಿನ ಆಕ್ಸಲ್ ನಟ್ಟಿಗೆ ಕೂರುವ ಸ್ಪ್ಯಾನರು (ಇದು ಕಂಪನಿಯ ಟೂಲ್ ಕಿಟ್ಟಿನಲ್ಲಿ ಎಷ್ಟೋ ಸಲ ಇರುವುದಿಲ್ಲ), ಇನ್ಸುಲೇಷನ್ ಟೇಪು, ಜಿಪ್ ಟೈ. ಕ್ಲಚ್ ಕೇಬಲ್ ಮಾತ್ರ ಚೀಲದಲ್ಲಿಡಬೇಡಿ. ಹೊಸ ಕೇಬಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಟೈ ಹಾಕಿ ಬಿಡಿ. ದಾರಿಯಲ್ಲಿ ತುಂಡಾದರೆ ಟ್ಯಾಂಕ್ ಬಿಚ್ಚುವ ಕೆಲಸವಿಲ್ಲ, ಎರಡು ತುದಿ ಸಿಕ್ಕಿಸಿದರೆ ಆಯಿತು. ಕೇಬಲ್ ತುಂಡಾಗುವುದು ಹೆಚ್ಚಾಗಿ ಲಿವರ್ ಕಡೆಯ ಗುಂಡಿನ ಬುಡದಲ್ಲಿ. ರಬ್ಬರ್ ಸರಿಸಿ ನೋಡಿದರೆ ಒಂದೆರಡು ಎಳೆ ಬಿಟ್ಟಿರುವುದು ಮೊದಲೇ ಕಾಣುತ್ತದೆ. ಬಟ್ಟೆಗೆ ಒಳಗೊಂದು ಪ್ಲಾಸ್ಟಿಕ್ ಚೀಲ. ಬ್ಯಾಗಿನ ರೇನ್ ಕವರನ್ನು ಮಲೆನಾಡಿನ ಮಳೆಯಲ್ಲಿ ನಂಬುವಂತಿಲ್ಲ. ಹಿಂಬದಿ ಸವಾರರಿಗೂ ಐಎಸ್‌ಐ ಹೆಲ್ಮೆಟ್ ಬೇಕು. ಡಿಎಲ್, ಆರ್‌ಸಿ, ವಿಮೆ, ಎಮಿಷನ್ ಪತ್ರಗಳು ಡಿಜಿಲಾಕರ್‌ನಲ್ಲಿದ್ದರೆ ಸಾಕು, ಆದರೆ ಸಿಗ್ನಲ್ ಇಲ್ಲದ ಕಡೆಗೆ ಒಂದು ಪ್ರತಿ ಜೇಬಿನಲ್ಲಿರಲಿ.

ಪೆಟ್ರೋಲನ್ನು ಮೂಡಿಗೆರೆಯಲ್ಲಿ ತುಂಬಿಸಿ. ಮುಂದೆ ಸಿಗಬಹುದು ಎಂದುಕೊಂಡು ಘಾಟಿಗೆ ಇಳಿಯುವುದು ಬೇಡ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗುವವರು ಕಡಿಮೆ. ನನಗೆ ಆ ನಿಲುಗಡೆ ಇನ್ನೊಂದು ಕಾರಣಕ್ಕೂ ಬೇಕು. ಘಾಟಿ ಹತ್ತಿ ಬಂದ ಬಸ್ಸಿನ ಚಾಲಕರು ಅಲ್ಲೇ ನಿಲ್ಲಿಸುತ್ತಾರೆ. "ಅಣ್ಣಾ, ಕೆಳಗೆ ಮಂಜಿದೆಯಾ, ಕೆಲಸ ನಡೀತಿದೆಯಾ?" ಎಂದು ಕೇಳಿದರೆ ಯಾವ ಆ್ಯಪ್ ಕೊಡದಷ್ಟು ತಾಜಾ ಸುದ್ದಿ ಸಿಗುತ್ತದೆ.

ಘಾಟಿಯಲ್ಲಿ ಕೆಲಸ ಗೇರಿನದು, ಬ್ರೇಕಿನದಲ್ಲ. ಯಾವ ಗೇರಿನಲ್ಲಿ ಹತ್ತಬೇಕಾಗುತ್ತಿತ್ತೋ ಅದೇ ಗೇರಿನಲ್ಲಿ ಇಳಿಯಿರಿ, ಬಹುತೇಕ ಎರಡು ಅಥವಾ ಮೂರು. ಕ್ಲಚ್ ಹಿಡಿದುಕೊಂಡು ಅಥವಾ ನ್ಯೂಟ್ರಲ್‌ನಲ್ಲಿ ಪೆಟ್ರೋಲ್ ಉಳಿಸಲು ಜಾರಿಸುವವರಿದ್ದಾರೆ; ಎಂಜಿನ್ನಿನ ಹಿಡಿತ ತಪ್ಪಿದ ಮೇಲೆ ಪೂರಾ ಭಾರ ಪ್ಯಾಡಿನ ಮೇಲೆ ಬೀಳುತ್ತದೆ. ತಿರುವಿಗೆ ಮುಂಚೆ, ಗಾಡಿ ನೆಟ್ಟಗಿರುವಾಗ, ಎರಡೂ ಬ್ರೇಕು ಹಾಕಿ ವೇಗ ಇಳಿಸಿ ಬಿಟ್ಟುಬಿಡಿ. ಬಾಗಿದ ಮೇಲೆ ಮುಂದಿನ ಬ್ರೇಕು ಮುಟ್ಟಬೇಡಿ. ಮುಂದೆ ಮಾತ್ರ ಎಬಿಎಸ್ (ಬ್ರೇಕ್ ಹಾಕಿದಾಗ ಗಾಲಿ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಗಾಡಿಗಳಲ್ಲಿ ಹಿಂದಿನ ಗಾಲಿ ಒದ್ದೆಯಲ್ಲಿ ಲಾಕ್ ಆಗುತ್ತದೆ ಎನ್ನುವುದು ನೆನಪಿರಲಿ.

ಹೇರ್‌ಪಿನ್ ತಿರುವಿನಲ್ಲಿ ಒಳಮಗ್ಗುಲು ಹಿಡಿಯುವ ಆಸೆ ಬರುತ್ತದೆ. ಅಲ್ಲಿ ಎರಡು ಅಪಾಯ. ಒಂದು, ಮಳೆನೀರು ಜಲ್ಲಿ, ಮಣ್ಣು, ಎಲೆಗಳನ್ನು ತಂದು ಒಳಬದಿಗೇ ಸುರಿಯುತ್ತದೆ. ಬಿಸಿಲು ತಾಗದ ಅಂಚಿನಲ್ಲಿ ಪಾಚಿಯೂ ಇರುತ್ತದೆ. ಎರಡು, ಮೇಲೆ ಬರುವ ಬಸ್ಸು ತನ್ನ ಉದ್ದಕ್ಕೆ ಪೂರಾ ರಸ್ತೆ ಬಳಸಿಯೇ ತಿರುಗಬೇಕು. ಬಸ್ಸಿನ ಸದ್ದು ಕೇಳಿದರೆ ತಿರುವಿಗೆ ಮೊದಲೇ ಎಡಕ್ಕೆ ನಿಂತುಬಿಡಿ. ಹತ್ತುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು ಎನ್ನುವುದು ನಿಯಮವೂ ಹೌದು. ಹತ್ತುವ ಲಾರಿಗಳ ತುಂಬಿದ ಟ್ಯಾಂಕಿನಿಂದ ತಿರುವಿನಲ್ಲೇ ಡೀಸೆಲ್ ಚೆಲ್ಲಿರುತ್ತದೆ. ಒದ್ದೆ ರಸ್ತೆಯ ಮೇಲೆ ಕಾಮನಬಿಲ್ಲಿನ ಬಣ್ಣ ಕಂಡರೆ ಬಾಗದೆ, ಬ್ರೇಕ್ ಹಾಕದೆ, ಆಕ್ಸಿಲರೇಟರ್ ಅಲುಗಿಸದೆ ದಾಟಿ.

ಆಲೇಖಾನ್ ಅಬ್ಬಿ, ಅಣ್ಣಪ್ಪ ಸ್ವಾಮಿ ಗುಡಿ ಇವೆರಡೇ ನಾನು ನಿಲ್ಲುವ ಜಾಗ. ತಿರುವಿನ ತಡೆಗೋಡೆ ಪಕ್ಕ ನಿಲ್ಲಿಸಿ ಫೋಟೊ ತೆಗೆಯಬೇಡಿ, ಮಂಜಿದ್ದರಂತೂ ಹಿಂದಿನಿಂದ ಬರುವವರಿಗೆ ನೀವು ಕಾಣುವುದೇ ಇಲ್ಲ. ಮಂಜಿನಲ್ಲಿ ಡಿಮ್ ಲೈಟೇ ಸರಿ, ಹೈಬೀಮ್ ಹಾಕಿದರೆ ಎದುರಿಗೆ ಬಿಳಿಗೋಡೆ. ವೈಸರಿನ ಒಳಮೈಗೆ ಪಾತ್ರೆ ಸೋಪನ್ನು ತೆಳ್ಳಗೆ ಸವರಿ ಒರೆಸಿದರೆ ಆವಿ ಕೂರುವುದಿಲ್ಲ.

ಕೆಳಗೆ ಚಾರ್ಮಾಡಿ ಊರಿಗೆ ಬಂದೊಡನೆ ಡಿಸ್ಕಿಗೆ ನೀರು ಹಾಕಬೇಡಿ, ಕಾದ ಲೋಹ ಸೊಟ್ಟಗಾಗುತ್ತದೆ. ಹತ್ತು ನಿಮಿಷ ನಿಲ್ಲಿಸಿದರೆ ಸಾಕು. ಉಜಿರೆಯಲ್ಲಿ ಊಟ ಮುಗಿಸಿ ಗುರುವಾಯನಕೆರೆ, ಪುಂಜಾಲಕಟ್ಟೆ ಮೇಲೆ ಬಿ.ಸಿ.ರೋಡ್. ಅಲ್ಲಿ ಶಿರಾಡಿಯ ಹೆದ್ದಾರಿ ಬಂದು ಕೂಡುತ್ತದೆ, ಸಂಜೆ ಐದರ ನಂತರ ಪಂಪ್‌ವೆಲ್‌ವರೆಗೂ ಗಿಜಿಗಿಜಿ. ಮೂರೂವರೆಯೊಳಗೆ ದಾಟಿದರೆ ತಣ್ಣೀರುಬಾವಿ ಕಡಲತೀರದಲ್ಲಿ ಸೂರ್ಯಾಸ್ತ ನೋಡಲು ಹೊತ್ತು ಸಿಗುತ್ತದೆ. ಬೈಕನ್ನು ಮರಳಿಗೆ ಇಳಿಸಬೇಡಿ. ಸೈಡ್ ಸ್ಟ್ಯಾಂಡ್ ಹೂತು ಗಾಡಿ ಮಲಗುತ್ತದೆ, ಚೈನಿಗೆ ಮರಳು ಸೇರಿದರೆ ಸ್ಪ್ರಾಕೆಟ್ಟಿಗೆ ಉಪ್ಪುಕಾಗದ ತಿಕ್ಕಿದ ಹಾಗೆ. ರಾತ್ರಿ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಚೈನಿನ ಒಳಮೈಗೆ 90 ನಂಬರ್ ಗೇರ್ ಆಯಿಲ್ ಹನಿಸಿ. ಕಡಲ ಗಾಳಿಯ ಉಪ್ಪಿಗೆ ಒಂದೇ ರಾತ್ರಿ ಸಾಕು, ಚೈನ್ ಕೆಂಪಾಗುತ್ತದೆ.

ಮರಳುವಾಗ ಅದೇ ದಾರಿ ಬೇಡವೆಂದರೆ ಕಾರ್ಕಳ, ಮಾಳ, ಕುದುರೆಮುಖ, ಕಳಸ ಮೇಲೆ ಹತ್ತಿ ಕೊಟ್ಟಿಗೆಹಾರಕ್ಕೆ ಬಂದು ಸೇರಬಹುದು. ಅದು ರಾಷ್ಟ್ರೀಯ ಉದ್ಯಾನದೊಳಗಿನ ರಸ್ತೆ: ಅರಣ್ಯ ಚೆಕ್‌ಪೋಸ್ಟಿನಲ್ಲಿ ಹೊತ್ತು ಬರೆದ ಚೀಟಿ ಕೊಡುತ್ತಾರೆ, ನಡುವೆ ನಿಲ್ಲುವಂತಿಲ್ಲ, ಪ್ಲಾಸ್ಟಿಕ್ ಎಸೆಯುವಂತಿಲ್ಲ. ಕಾರ್ಕಳದಿಂದ ಕಳಸದವರೆಗೆ ಸುಮಾರು 70 ಕಿಲೋಮೀಟರ್ ಪೆಟ್ರೋಲ್ ನೆಚ್ಚಿಕೊಳ್ಳುವಂತಿಲ್ಲ, ಕಾರ್ಕಳದಲ್ಲೇ ಟ್ಯಾಂಕ್ ತುಂಬಿಸಿ. ಈ ದಾರಿಗೆ ಮಂಗಳೂರನ್ನು ಬೆಳಗ್ಗೆ ಆರಕ್ಕೇ ಬಿಡಬೇಕು. ಮಡಿಕೇರಿ, ಮೈಸೂರು ಮೇಲೆ ಬರುವ ಯೋಚನೆಯಿದ್ದರೆ, 2023ರ ಆಗಸ್ಟ್ 1ರಿಂದ ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ; ಸರ್ವಿಸ್ ರಸ್ತೆಯಲ್ಲೇ ಊರೂರು ದಾಟಿ ಬರಬೇಕಾಗುತ್ತದೆ, ಆ ತುಂಡಿಗೆ ಒಂದು ಗಂಟೆ ಹೆಚ್ಚು ಇಟ್ಟುಕೊಳ್ಳಿ.