ಬಿಸಿ ಬೇಗ ದಾಟಿಸಬೇಕು, ಆದರೆ ಒಡೆಯಬಾರದು: ಇಂಥ ಡೈ ಸ್ಟೀಲ್ ಮಾಡಲು ಹೊರಟವರಿಗೆ

ಅಲ್ಯುಮಿನಿಯಂ ಡೈ ಕಾಸ್ಟಿಂಗ್ (ಕರಗಿದ ಲೋಹವನ್ನು ಡೈ ಎಂಬ ಉಕ್ಕಿನ ಅಚ್ಚಿಗೆ ತುಂಬಿ ಎರಕ ಹೊಯ್ಯುವುದು) ಮಾಡುವ ಯಾವುದಾದರೂ ಶೆಡ್‌ಗೆ ಹೋಗಿ, ಮೂಲೆಯಲ್ಲಿ ಬಿಚ್ಚಿಟ್ಟಿರುವ ಹಳೇ ಡೈ ಮೇಲೆ ಉಗುರು ಆಡಿಸಿ ನೋಡಿ. ಒಣಗಿದ ಕೆರೆಯ ತಳದ ಹಾಗೆ ಸಣ್ಣ ಬಿರುಕುಗಳ ಬಲೆ ಸಿಗುತ್ತದೆ. ಇದೇ ಹೀಟ್ ಚೆಕಿಂಗ್. 680-700 ಡಿಗ್ರಿಯ ಲೋಹ ಬಂದು ಬಡಿದಾಗ ಡೈ ಮೇಲ್ಮೈ ಹಿಗ್ಗಲು ನೋಡುತ್ತದೆ, ಒಳಗಿರುವ ತಣ್ಣನೆಯ ಉಕ್ಕು ಬಿಡುವುದಿಲ್ಲ. ಆಮೇಲೆ ಸ್ಪ್ರೇ ಹೊಡೆದಾಗ ಉಲ್ಟಾ. ಮೇಲ್ಮೈಗೂ ಒಳಗಿಗೂ 100 ಡಿಗ್ರಿ ವ್ಯತ್ಯಾಸ ಇದ್ದರೆ ಸುಮಾರು 360 ಮೆಗಾಪಾಸ್ಕಲ್ ಒತ್ತಡ ಏಳುತ್ತದೆ, 300 ಡಿಗ್ರಿ ಇದ್ದರೆ ಸಾವಿರ ದಾಟುತ್ತದೆ. ಪ್ರತಿ ಶಾಟ್‌ಗೂ, ಅಂದರೆ ಪ್ರತಿ ಸಲ ಲೋಹ ತುಂಬಿದಾಗಲೂ, ಇದೇ ಕತೆ.

ಹಾಗಾದರೆ ಬಿಸಿ ಬೇಗ ಒಳಗೆ ಹರಿದು ಕೂಲಿಂಗ್ ನೀರಿಗೆ ಸೇರಿದರೆ ಅರ್ಧ ಸಮಸ್ಯೆ ಮುಗಿಯಿತು ಅಲ್ವಾ? ಆದರೆ ನಾವೆಲ್ಲ ಕಣ್ಣು ಮುಚ್ಚಿ ಕೊಳ್ಳುವ ಎಚ್13 ಎಂಬ ಡೈ ಸ್ಟೀಲಿನ ಉಷ್ಣವಾಹಕತೆ ಸುಮಾರು 25 ವಾಟ್ ಪ್ರತಿ ಮೀಟರ್ ಪ್ರತಿ ಕೆಲ್ವಿನ್ ಅಷ್ಟೇ. ಶುದ್ಧ ಕಬ್ಬಿಣದ್ದು 80. ಅಂದರೆ ಕಬ್ಬಿಣ ತಂದಿದ್ದ ಗುಣದಲ್ಲಿ ಮೂರರಲ್ಲಿ ಎರಡು ಪಾಲನ್ನು ನಾವೇ ಅಲಾಯ್ (ಬೆರಕೆ ಧಾತುಗಳು) ಹಾಕಿ ಕಳೆದಿದ್ದೇವೆ. ಈ ಕೆಲಸಕ್ಕೆ ಇಳಿಯುವವರು ಮೊದಲು ತಲೆಗೆ ಹಾಕಿಕೊಳ್ಳಬೇಕಾದದ್ದು ಇದನ್ನೇ. ವಾಹಕತೆಯನ್ನು ಹೊರಗಿನಿಂದ ತಂದು ಹಾಕಲು ಆಗುವುದಿಲ್ಲ, ಅಡ್ಡ ಕೂತಿರುವುದನ್ನು ತೆಗೆಯಬೇಕು. ತೆಗೆದಾಗ ಏನು ಹಾಳಾಗುತ್ತದೋ ಅದನ್ನು ಬೇರೆ ದಾರಿಯಿಂದ ಕಟ್ಟಿಕೊಡಬೇಕು.

ಅಡ್ಡ ಕೂತಿರುವುದು ಯಾರು?

ಲೋಹದಲ್ಲಿ ಬಿಸಿಯನ್ನು ಹೊತ್ತು ಓಡುವುದು ಮುಖ್ಯವಾಗಿ ಎಲೆಕ್ಟ್ರಾನ್‌ಗಳು. ಸಂತೆಯ ದಿನ ರಸ್ತೆ ತುಂಬ ಚೀಲ ಹಾಸಿಕೊಂಡು ಕೂತ ವ್ಯಾಪಾರಿಗಳ ಮಧ್ಯೆ ಸೈಕಲ್ ಹೊಡೆದ ಹಾಗೆ ಅವುಗಳ ಪಾಡು. ಕಬ್ಬಿಣದಲ್ಲಿ ಕರಗಿ ಕೂತ ಒಂದೊಂದು ಅನ್ಯ ಪರಮಾಣುವೂ ಒಂದು ಚೀಲ. ಅದೇ ವ್ಯಾಪಾರಿಗಳನ್ನೆಲ್ಲ ಒಂದು ಮಳಿಗೆಯೊಳಗೆ ಕೂರಿಸಿದರೆ ರಸ್ತೆ ಖಾಲಿ. ನಮ್ಮ ಲೆಕ್ಕದಲ್ಲಿ ಮಳಿಗೆ ಅಂದರೆ ಕಾರ್ಬೈಡ್, ಲೋಹ ಮತ್ತು ಕಾರ್ಬನ್ ಸೇರಿ ಕಟ್ಟಿದ ಸಣ್ಣ ಕಣ. ಅಲಾಯ್ ಇರಲಿ, ಆದರೆ ಕಾರ್ಬೈಡ್ ಒಳಗೆ ಇರಲಿ, ಕಬ್ಬಿಣದಲ್ಲಿ ಕರಗಿ ಕೂರುವುದು ಬೇಡ.

ಎಲ್ಲಕ್ಕಿಂತ ಕೆಟ್ಟದ್ದು ಸಿಲಿಕಾನ್. ಅದು ಕಾರ್ಬೈಡ್ ಕಟ್ಟುವುದೇ ಇಲ್ಲ, ಇದ್ದಷ್ಟೂ ಕರಗಿಯೇ ಇರುತ್ತದೆ. ಕರೆಂಟ್ ಹೊರುವುದೂ ಅದೇ ಎಲೆಕ್ಟ್ರಾನ್‌ಗಳು, ಹಾಗಾಗಿ ವಿದ್ಯುತ್ ರೋಧ ಏರಿದರೆ ಬಿಸಿಯ ದಾರಿಗೂ ಅಡ್ಡ. ಶುದ್ಧ ಕಬ್ಬಿಣದ ವಿದ್ಯುತ್ ರೋಧ ಸುಮಾರು 10 ಮೈಕ್ರೋಓಮ್ ಸೆಂಟಿಮೀಟರ್; ಬರೀ 1% ಸಿಲಿಕಾನ್ ಅದಕ್ಕೆ ಇನ್ನೂ 12-14 ಸೇರಿಸುತ್ತದೆ. ಟ್ರಾನ್ಸ್‌ಫಾರ್ಮರ್ ಸ್ಟ್ಯಾಂಪಿಂಗ್‌ಗೆ ಬೇಕೆಂದೇ ಸಿಲಿಕಾನ್ ಹಾಕುವುದು ಯಾಕೆ? ರೋಧ ಜಾಸ್ತಿ ಮಾಡಿ ಎಡ್ಡಿ ಕರೆಂಟ್ ತಡೆಯಲು. ಅದೇ ಸಿಲಿಕಾನನ್ನು ಸುಮಾರು 1% ಎಚ್13ಗೂ ಹಾಕುತ್ತೇವೆ, ಆಮೇಲೆ ಡೈ ಬಿಸಿ ಬಿಡುತ್ತಿಲ್ಲ ಅಂತ ಗೊಣಗುತ್ತೇವೆ.

ಒಳ್ಳೆಯ ಸುದ್ದಿ ಏನೆಂದರೆ, ಸಿಲಿಕಾನ್ ಇಳಿಸಿದರೆ ಟಫ್‌ನೆಸ್ ಕೂಡ ಏರುತ್ತದೆ. (ಟಫ್‌ನೆಸ್‌ಗೆ ಕನ್ನಡದಲ್ಲಿ ಒಂದು ಪದ ಹುಡುಕಿ ಸೋತಿದ್ದೇನೆ. ಗಡಸು ಬೇರೆ, ಇದು ಬೇರೆ. ಕಡಪ ಕಲ್ಲು ಗಡಸು, ಬಿದ್ದರೆ ಎರಡು ತುಂಡು. ಬಿದಿರು ಅಷ್ಟು ಗಡಸಲ್ಲ, ಬಿದ್ದರೆ ಏನೂ ಆಗುವುದಿಲ್ಲ.) ಈ ಇಡೀ ಕೆಲಸದಲ್ಲಿ ಎರಡೂ ಗುಣ ಒಟ್ಟಿಗೆ ಸಿಗುವ ಜಾಗಗಳು ಕಡಿಮೆ, ಇದು ಅವುಗಳಲ್ಲಿ ಒಂದು. ಹಾಗಾಗಿ ಮೊದಲ ಮೆಟ್ಟಿಲು ಸುಲಭ. ಎಚ್13 ಅನ್ನೇ ಇಟ್ಟುಕೊಳ್ಳಿ, ಸಿಲಿಕಾನ್ 0.2%ಗೆ ಇಳಿಸಿ, ಮಾಲಿಬ್ಡಿನಮ್ 2.3% ಮಾಡಿ, ವನೇಡಿಯಂ ಸ್ವಲ್ಪ ಕಡಿಮೆ ಮಾಡಿ. ಸ್ಟೀಲ್ ಕಂಪನಿ ಉದ್ದೆಹೋಲ್ಮ್‌ನವರ ಡೀವಾರ್ ಸ್ಟೀಲು ಹೆಚ್ಚುಕಡಿಮೆ ಇದೇ. ನಿಮ್ಮ ತೊಂದರೆ ಬರೀ ಬಿರುಕು ಆಗಿದ್ದರೆ ಇಲ್ಲೇ ನಿಲ್ಲಿ ಅನ್ನುತ್ತೇನೆ, ಮುಂದಿನ ಮೆಟ್ಟಿಲು ದುಬಾರಿ.

ಮುಂದಿನ ಮೆಟ್ಟಿಲು ಅಂದರೆ ಕ್ರೋಮಿಯಂ ಬಿಡುವುದು. ಎಚ್13ರ 5% ಕ್ರೋಮಿಯಂನಲ್ಲಿ ಬಹುಪಾಲು ಕರಗಿಯೇ ಇರುತ್ತದೆ. ಅದನ್ನು ತೆಗೆದು, ಗಡಸುತನವನ್ನು ಮಾಲಿಬ್ಡಿನಮ್ ಮತ್ತು ಟಂಗ್‌ಸ್ಟನ್ ಕಾರ್ಬೈಡ್‌ಗಳಿಂದ ತರುವುದು. ಸ್ಪೇನಿನ ರೋವಾಲ್ಮಾ ಕಂಪನಿಯ ಎಚ್‌ಟಿಸಿಎಸ್ ಸ್ಟೀಲುಗಳು ಈ ದಾರಿಯಲ್ಲೇ ವಾಹಕತೆಯಲ್ಲಿ 60ರ ಹತ್ತಿರ ಹೋದದ್ದು. ಕಾರಿನ ಪಿಲ್ಲರ್‌ಗಳಿಗೆ 22ಎಂಎನ್‌ಬಿ5 ಎಂಬ ಉಕ್ಕಿನ ಶೀಟನ್ನು 900 ಡಿಗ್ರಿ ದಾಟಿಸಿ ಡೈ ಒಳಗೇ ಕ್ವೆಂಚ್ ಮಾಡುವ (ಥಟ್ಟನೆ ತಣಿಸಿ ಗಡಸು ಮಾಡುವ) ಹಾಟ್ ಸ್ಟ್ಯಾಂಪಿಂಗ್ ಕೆಲಸದಲ್ಲಿ ಇದಕ್ಕೆ ನಿಜವಾದ ಬೆಲೆ ಇದೆ, ಯಾಕೆಂದರೆ ಅಲ್ಲಿ ಡೈ ಎಷ್ಟು ಬೇಗ ಬಿಸಿ ಎಳೆಯುತ್ತದೋ ಅಷ್ಟು ಬೇಗ ಪ್ರೆಸ್ ತೆರೆಯಬಹುದು.

ಕಾರ್ಬನ್ ಲೆಕ್ಕ ಕೈಯಲ್ಲೇ ಹಾಕಿ

ನಾನು ಟ್ರಯಲ್ ಶುರು ಮಾಡುವುದು ಇಲ್ಲಿಂದ (ಎಲ್ಲ ತೂಕದ ಶೇಕಡಾ ಲೆಕ್ಕ): ಕಾರ್ಬನ್ 0.32, ಮಾಲಿಬ್ಡಿನಮ್ 3.2, ಟಂಗ್‌ಸ್ಟನ್ 1.8, ಮ್ಯಾಂಗನೀಸ್ 0.2, ಸಿಲಿಕಾನ್ 0.1ರ ಒಳಗೆ, ಕ್ರೋಮಿಯಂ 0.2ರ ಒಳಗೆ. ಕಾರ್ಬನ್ ಯಾಕೆ 0.32? ಎರಡು ಮಾಲಿಬ್ಡಿನಮ್‌ಗೆ ಒಂದು ಕಾರ್ಬನ್ ಸೇರುವ ಕಾರ್ಬೈಡ್ ಕಟ್ಟಲು 1% ಮಾಲಿಬ್ಡಿನಮ್‌ಗೆ 0.063% ಕಾರ್ಬನ್ ಬೇಕು. 3.2ಕ್ಕೆ 0.20. ಟಂಗ್‌ಸ್ಟನ್ ಭಾರದ ಪರಮಾಣು, 1%ಗೆ 0.033 ಸಾಕು, 1.8ಕ್ಕೆ 0.06. ಒಟ್ಟು 0.26. ಉಳಿದ 0.06 ಸೀಮೆಂಟೈಟ್ (ಕಬ್ಬಿಣದ ಕಾರ್ಬೈಡ್) ಆಗಿ ಕೂರುತ್ತದೆ, ಅಷ್ಟು ಅನುಕೂಲ ಇಟ್ಟುಕೊಳ್ಳುತ್ತೇನೆ. ಕಾರ್ಬನ್ ಕಡಿಮೆ ಬಿದ್ದರೆ ಜೊತೆ ಸಿಗದ ಮಾಲಿಬ್ಡಿನಮ್ ಕಬ್ಬಿಣದಲ್ಲೇ ಕೂತು ರಸ್ತೆ ಅಡ್ಡಗಟ್ಟುತ್ತದೆ, ದುಡ್ಡೂ ದಂಡ. ಜಾಸ್ತಿಯಾದರೆ ಟಫ್‌ನೆಸ್ ಹೋಗುತ್ತದೆ. ನಿಜದಲ್ಲಿ ಕಾರ್ಬೈಡ್‌ಗಳು ಪುಸ್ತಕದ ಅನುಪಾತದಲ್ಲೇ ಕಟ್ಟುವುದಿಲ್ಲ. ಒಂದೇ ಹೀಟ್ (ಒಂದು ಸಲ ಕರಗಿಸಿದ ಉಕ್ಕು) ಮಾಡಿ ತೀರ್ಮಾನಕ್ಕೆ ಬರಬೇಡಿ, 0.29, 0.32, 0.35 ಅಂತ ಮೂರು ಮಾಡಿ.

ಕರಗಿಸುವಾಗ ನನಗೆ ಆದದ್ದು

ಮೊದಲ 50 ಕಿಲೋ ಹೀಟನ್ನು ಗೊತ್ತಿದ್ದವರೊಬ್ಬರ ಇಂಡಕ್ಷನ್ ಫರ್ನೇಸ್‌ನಲ್ಲಿ ಮಾಡಿಸಿದೆ. ಶುದ್ಧ ಕಬ್ಬಿಣ ತಂದು, ಸಿಲಿಕಾನ್ ಒಂದು ಚೂರೂ ಹಾಕದೆ, ಆಕ್ಸಿಜನ್ ತೆಗೆಯಲು ಅಲ್ಯುಮಿನಿಯಂ ಮಾತ್ರ ಹಾಕಿಸಿದೆ. ರಿಪೋರ್ಟ್ ಬಂತು: ಸಿಲಿಕಾನ್ 0.28. ಲ್ಯಾಬ್‌ನವರ ಮೇಲೆ ರೇಗಿದೆ, ಅವರು ಮತ್ತೆ ಸ್ಪಾರ್ಕ್ ಹೊಡೆದು ತೋರಿಸಿದರು, ಅದೇ 0.28. ತಪ್ಪು ನನ್ನದೇ. ಆ ಫರ್ನೇಸ್ ಲೈನಿಂಗ್ ಸಿಲಿಕಾ ರ‍್ಯಾಮಿಂಗ್ ಮಾಸ್. ಅಲ್ಯುಮಿನಿಯಂ ಆ ಸಿಲಿಕಾದಿಂದ ಆಕ್ಸಿಜನ್ ಕಿತ್ತುಕೊಂಡು ಸಿಲಿಕಾನನ್ನು ಲೋಹಕ್ಕೆ ಬಿಡುತ್ತದೆ. ಮೇಲೆ, ಮಾಲಿಬ್ಡಿನಮ್ ಸೇರಿಸಲು ಹಾಕುವ ಫೆರೋಮಾಲಿಬ್ಡಿನಮ್‌ನಲ್ಲೂ 1% ಆಸುಪಾಸು ಸಿಲಿಕಾನ್ ಇರುತ್ತದೆ, 3.2% ಮಾಲಿಬ್ಡಿನಮ್‌ಗೆ 60%ನ ಫೆರೋ ಐದು ಕಿಲೋ ಚಿಲ್ಲರೆ ಪ್ರತಿ ನೂರು ಕಿಲೋಗೆ ಬೀಳುವುದರಿಂದ ಅದೊಂದರಿಂದಲೇ 0.05 ಬಂದಿರುತ್ತದೆ. ಮ್ಯಾಗ್ನೇಷಿಯಾ ಅಥವಾ ಅಲ್ಯುಮಿನಾ ಸ್ಪಿನೆಲ್ ಲೈನಿಂಗ್ ಇರುವ ಕಡೆ ಮಾಡಿಸಿ. ವ್ಯಾಕ್ಯೂಮ್ ಇಂಡಕ್ಷನ್ ಸಿಕ್ಕರೆ ಇನ್ನೂ ಒಳ್ಳೆಯದು, ಅಲ್ಲಿ ಆಕ್ಸಿಜನ್ ತೆಗೆಯುವ ಕೆಲಸವನ್ನು ಕಾರ್ಬನ್ನೇ ಮಾಡಿಕೊಡುತ್ತದೆ.

ಗಂಧಕ 0.005ರ ಒಳಗೆ ಇರಲಿ. ರಂಜಕ 0.010ರ ಒಳಗೆ, ಇದರಲ್ಲಿ ರಾಜಿ ಬೇಡ. ರಂಜಕ, ತವರ, ಆಂಟಿಮನಿ ಇವೆಲ್ಲ ಕಣಗಳ ಅಂಚಿಗೆ ಹೋಗಿ ಸೇರಿ ಉಕ್ಕನ್ನು ಪೆಳಸು ಮಾಡುತ್ತವೆ. ಸಾಮಾನ್ಯವಾಗಿ ಇದನ್ನು ತಡೆಯುವುದು ಕರಗಿರುವ ಮಾಲಿಬ್ಡಿನಮ್. ನಾವೋ ಅದನ್ನೆಲ್ಲ ಕಾರ್ಬೈಡ್‌ಗೆ ಕಳಿಸುತ್ತಿದ್ದೇವೆ, ಕಾವಲುಗಾರನನ್ನೇ ಕೆಲಸದಿಂದ ತೆಗೆದ ಹಾಗೆ. 1969ರಲ್ಲಿ ಇಂಗ್ಲೆಂಡಿನ ಹಿಂಕ್ಲಿ ಪಾಯಿಂಟ್ ವಿದ್ಯುತ್ ಸ್ಥಾವರದಲ್ಲಿ ಟರ್ಬೈನ್ ಡಿಸ್ಕ್ ಸಿಡಿದು ಚೂರಾಯಿತಲ್ಲ, ಅದು 3% ಕ್ರೋಮಿಯಂ ಮಾಲಿಬ್ಡಿನಮ್ ಸ್ಟೀಲು, ಅದನ್ನು ಅಷ್ಟು ಪೆಳಸು ಮಾಡಿದ್ದು ಈ ಜಾತಿಯ ರೋಗವೇ. ಕಂಡಕಂಡ ಸ್ಕ್ರ್ಯಾಪ್ ಹಾಕಬೇಡಿ.

ದಪ್ಪ ಬ್ಲಾಕ್‌ನ ನಡುವೆ ಏನಾಗುತ್ತದೆ

ಸಣ್ಣ ಟ್ರಯಲ್ ತುಂಡಿನಲ್ಲಿ ಎಲ್ಲ ಚೆನ್ನಾಗಿ ಬಂದು, ದೊಡ್ಡ ಬ್ಲಾಕ್‌ನಲ್ಲಿ ಕೈಕೊಡುವುದು ಇಲ್ಲೇ. ಕ್ರೋಮಿಯಂ, ಮ್ಯಾಂಗನೀಸ್ ಎರಡೂ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಕ್ವೆಂಚ್ ಮಾಡಿದಾಗ ಮೇಲ್ಗಡೆ ಮಾರ್ಟೆನ್‌ಸೈಟ್ (ಬೇಗ ತಣಿದಾಗ ಬರುವ ಗಡಸು ರಚನೆ) ಆದರೂ ನಡುವೆ ದಪ್ಪ ಬೈನೈಟ್ (ನಿಧಾನ ತಣಿದಾಗ ಬರುವ ರಚನೆ) ಆಗುತ್ತದೆ. ಹಾರ್ಡ್‌ನೆಸ್ ನೋಡಿದರೆ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ, ಚಾರ್ಪಿ (ಸುತ್ತಿಗೆಯಿಂದ ಮುರಿದು ಟಫ್‌ನೆಸ್ ಅಳೆಯುವ ಪರೀಕ್ಷೆ) ಹೊಡೆದಾಗ ಗೊತ್ತಾಗುತ್ತದೆ. ಔಷಧಿ ಅಂದರೆ ನಿಕ್ಕಲ್. ಅದೂ ಕರಗಿಯೇ ಕೂರುತ್ತದೆ, ಸುಳ್ಳು ಹೇಳುವುದಿಲ್ಲ, ಆದರೆ ತೂಕಕ್ಕೆ ತೂಕ ಸಿಲಿಕಾನ್ ಮಾಡುವ ಹಾನಿಯ ಒಂದು ಸಣ್ಣ ಪಾಲು ಮಾತ್ರ ಮಾಡುತ್ತದೆ, ಬದಲಿಗೆ ಹಾರ್ಡನಬಿಲಿಟಿ (ನಡುವಿನವರೆಗೂ ಗಡಸಾಗುವ ಗುಣ), ಟಫ್‌ನೆಸ್ ಎರಡೂ ಕೊಡುತ್ತದೆ. ಡೈಯೊಳಗೆ ಕೂರಿಸುವ 50 ಮಿಲಿಮೀಟರ್ ಬಿಡಿ ತುಂಡು, ಅಂದರೆ ಇನ್ಸರ್ಟ್‌ಗೆ ಬೇಡದೆ ಇರಬಹುದು. ದಪ್ಪ ಬ್ಲಾಕ್ ಆದರೆ 1-2% ಹಾಕಿ ನೋಡಿ, ವಾಹಕತೆಯಲ್ಲಿ ಸ್ವಲ್ಪ ಬಿಟ್ಟುಕೊಡಿ. 60 ಬರೆದಿರುವ ಸರ್ಟಿಫಿಕೇಟ್ ಇಟ್ಟುಕೊಂಡು ಎರಡು ಹೋಳಾದ ಡೈ ನೋಡುವುದಕ್ಕಿಂತ 45 ವಾಸಿ.

ಕ್ವೆಂಚ್‌ಗೆ ಮೊದಲು ಏರಿಸುವ ಹಾರ್ಡನಿಂಗ್ ಬಿಸಿ ಎಚ್13ಗೆ 1020-1030 ಡಿಗ್ರಿ ಸಾಕು. ಇಲ್ಲಿ ಕಾರ್ಬೈಡನ್ನು ಮೊದಲು ಕರಗಿಸಬೇಕು; ಆಮೇಲೆ ಟೆಂಪರ್‌ನಲ್ಲಿ, ಅಂದರೆ ಕಡಿಮೆ ಬಿಸಿಯಲ್ಲಿ ಮತ್ತೆ ಕಾಯಿಸುವಾಗ, ಅದು ಮತ್ತೆ ಕಟ್ಟುತ್ತದೆ. ಇದಕ್ಕೆ ಸಾಲದು, ಮಾಲಿಬ್ಡಿನಮ್-ಟಂಗ್‌ಸ್ಟನ್ ಕಾರ್ಬೈಡ್ ಅಷ್ಟಕ್ಕೆಲ್ಲ ಕರಗುವುದಿಲ್ಲ. 1040, 1060, 1080, 1100ರಲ್ಲಿ ಒಂದೊಂದು ತುಂಡು ಹಾಕಿ, ಪಾಲಿಶ್ ಮಾಡಿ, ಕಣದ ಸೈಜ್ ನೋಡಿ. ಎಎಸ್‌ಟಿಎಂ 7ಕ್ಕಿಂತ (ಕಣದ ಸೈಜಿನ ನಂಬರ್, ಇಳಿದಷ್ಟೂ ಕಣ ದಪ್ಪ) ದಪ್ಪ ಆಗುವ ಮೊದಲು ನಿಲ್ಲಿಸಿ. ಕಣ ಹಿಡಿದಿಡಲು ವನೇಡಿಯಂ ಕಾರ್ಬೈಡ್ ಇಲ್ಲದ್ದರಿಂದ ಇವು ಬೇಗ ಬೆಳೆಯುತ್ತವೆ, 0.03% ನಯೋಬಿಯಂ ಹಾಕಿದರೆ ಸಹಾಯ ಆಗುತ್ತದೆ.

ಟೆಂಪರ್ ಮಾಡುತ್ತಾ ಅಳೆಯಿರಿ

ಇದು ನನಗೆ ಅತಿ ಇಷ್ಟದ ಭಾಗ. ಉಷ್ಣವಾಹಕತೆ ಅಳೆಯುವ ಲೇಸರ್ ಫ್ಲ್ಯಾಶ್ ಯಂತ್ರ ಎಲ್ಲರ ಹತ್ತಿರ ಇರುವುದಿಲ್ಲ, ಇದ್ದವರ ಹತ್ತಿರ ಪ್ರತಿ ಸ್ಯಾಂಪಲ್‌ಗೂ ದುಡ್ಡು. ಆದರೆ ವಿದ್ಯುತ್ ರೋಧ ಅಳೆಯಲು ಟೇಬಲ್ ಮೇಲೆ ಜಾಗ ಇದ್ದರೆ ಸಾಕು. 3×3 ಮಿಲಿಮೀಟರ್, 60 ಮಿಲಿಮೀಟರ್ ಉದ್ದದ ಕಡ್ಡಿಗಳನ್ನು ವೈರ್ ಕಟ್ ಮಾಡಿಸಿ, ಸರ್ಫೇಸ್ ಗ್ರೈಂಡ್ ಮಾಡಿಸಿ. ಎರಡು ತುದಿಯಲ್ಲಿ 1 ಆಂಪಿಯರ್ ಹರಿಸಿ, ನಡುವೆ 40 ಮಿಲಿಮೀಟರ್ ಅಂತರದಲ್ಲಿ ಎರಡು ಚೂಪು ಮೊನೆ ಒತ್ತಿ ವೋಲ್ಟೇಜ್ ನೋಡಿ. ಎಚ್13 ಸುಮಾರು 2.2 ಮಿಲಿವೋಲ್ಟ್ ತೋರಿಸುತ್ತದೆ, ಶುದ್ಧ ಕಬ್ಬಿಣ 0.43. ಕರೆಂಟ್ ದಿಕ್ಕು ಬದಲಿಸಿ ಇನ್ನೊಮ್ಮೆ ಓದಿ ಸರಾಸರಿ ತೆಗೆಯಿರಿ, ಇಲ್ಲದಿದ್ದರೆ ಕೈ ತಾಗಿ ಬೆಚ್ಚಗಾದ ತುದಿಯೇ ಥರ್ಮೋಕಪಲ್ ಆಗಿ ಮೋಸ ಮಾಡುತ್ತದೆ.

ಈಗ ಎಲ್ಲ ಕಡ್ಡಿಗಳನ್ನೂ ಒಟ್ಟಿಗೆ ಹಾರ್ಡನ್ ಮಾಡಿ, 500ರಿಂದ 640ರವರೆಗೆ 20 ಡಿಗ್ರಿಗೊಂದರಂತೆ ಎರಡೆರಡು ಸಲ ಟೆಂಪರ್ ಮಾಡಿ. ಅದೇ ಕಡ್ಡಿಯಲ್ಲಿ ಹಾರ್ಡ್‌ನೆಸ್ಸೂ ನೋಡಿ. ಹಾರ್ಡ್‌ನೆಸ್ ಒಂದು ಗುಡ್ಡದ ಹಾಗೆ ಏರಿ ಇಳಿಯುತ್ತದೆ. ರೋಧ ಮಾತ್ರ ಇಳಿಯುತ್ತಲೇ ಹೋಗುತ್ತದೆ, ಯಾಕೆಂದರೆ ಕರಗಿದ್ದ ಮಾಲಿಬ್ಡಿನಮ್ ಒಂದೊಂದಾಗಿ ಮಳಿಗೆ ಸೇರುತ್ತಿದೆ. ಗುಡ್ಡದ ತುದಿಯಲ್ಲಿ ಟಫ್‌ನೆಸ್ ಅತಿ ಕಡಿಮೆ. ಆದ್ದರಿಂದ ತುದಿ ದಾಟಿ ಆ ಕಡೆಯ ಇಳಿಜಾರಿನಲ್ಲಿ, ನಿಮಗೆ ಬೇಕಾದ 44-46 ಎಚ್‌ಆರ್‌ಸಿ (ರಾಕ್‌ವೆಲ್ ಹಾರ್ಡ್‌ನೆಸ್ ಅಳತೆ) ಸಿಗುವ ಕಡೆ ನಿಲ್ಲಿ. ಟೆಂಪರ್ ಆದ ಮೇಲೆ ಫರ್ನೇಸ್ ಒಳಗೇ ಬಿಟ್ಟು ರಾತ್ರಿಯಿಡೀ ತಣ್ಣಗಾಗಿಸಬೇಡಿ, ಮೇಲೆ ಹೇಳಿದ ರಂಜಕದ ಕಾಟ 575ರಿಂದ 375ರ ನಡುವೆ ನಿಧಾನ ಇಳಿದಾಗಲೇ ಶುರುವಾಗುವುದು.

ರೋಧದಿಂದ ನೇರ ವಾಹಕತೆ ಲೆಕ್ಕ ಹಾಕಲು ಹೋಗಬೇಡಿ. ವೀಡೆಮನ್-ಫ್ರಾಂಜ್ ನಿಯಮದಿಂದ ಎಚ್13ಗೆ 15ರ ಹತ್ತಿರ ಮಾತ್ರ ಬರುತ್ತದೆ, ಉಳಿದದ್ದನ್ನು ಸಾಗಿಸುವುದು ಹರಳಿನ ಕಂಪನ. ಯಾವ ಕಡ್ಡಿ ಮುಂದೆ, ಯಾವುದು ಹಿಂದೆ ಅಂತ ಸಾಲು ಮಾಡಲು ಇದು ಸಾಕು. ಗೆದ್ದ ಎರಡನ್ನು ಮಾತ್ರ ಲೇಸರ್ ಫ್ಲ್ಯಾಶ್‌ಗೆ ಕಳಿಸಿ. 2.5 ಮಿಲಿಮೀಟರ್ ದಪ್ಪದ ಬಿಲ್ಲೆಯ ಹಿಂಬದಿ ಅರ್ಧ ಬಿಸಿಯೇರಲು ಎಚ್13ರಲ್ಲಿ ಸುಮಾರು 0.12 ಸೆಕೆಂಡ್ ಬೇಕು, 60ರ ಸ್ಟೀಲ್ ಆದರೆ 0.05. ರಿಪೋರ್ಟ್‌ನಲ್ಲಿ ಈ ಸಮಯವನ್ನೂ ಕೇಳಿ ಪಡೆಯಿರಿ. ಚಾರ್ಪಿ ಸ್ಯಾಂಪಲ್ ಬ್ಲಾಕ್‌ನ ನಡುವಿನಿಂದ, ಫೋರ್ಜಿಂಗ್ ಎಳೆಗೆ ಅಡ್ಡಲಾಗಿ ತೆಗೆಸಿ; ಅಂಚಿನಿಂದ ಉದ್ದಕ್ಕೆ ತೆಗೆದ ತುಂಡು ಎಲ್ಲರಿಗೂ ಖುಷಿ ಕೊಡುವ ನಂಬರ್ ಕೊಡುತ್ತದೆ, ಉಪಯೋಗ ಇಲ್ಲ.

ಡೈಯಲ್ಲಿ ಹಾಕುವಾಗ

ಇಡೀ ಡೈ ಇದರಲ್ಲಿ ಮಾಡಿಸಬೇಡಿ, ಮಾಲಿಬ್ಡಿನಮ್ ರೇಟ್ ನೋಡಿದರೆ ನೀವೇ ಒಪ್ಪುತ್ತೀರಿ. ಗೇಟ್ (ಲೋಹ ಒಳಬರುವ ಬಾಯಿ) ಎದುರಿನ ಇನ್ಸರ್ಟ್, ಕೋರ್ ಪಿನ್ (ಎರಕದಲ್ಲಿ ರಂಧ್ರ ಮೂಡಿಸುವ ಕಡ್ಡಿ), ಇಂಥ ಬಿಸಿ ನಿಲ್ಲುವ ಜಾಗಕ್ಕೆ ಸಾಕು. ಹ್ಯಾಮರ್ ಫೋರ್ಜಿಂಗ್‌ಗೆ ಇದರ ಗೊಡವೆಯೇ ಬೇಡ. ಕ್ರೋಮಿಯಂ ಇಲ್ಲದ ಕಾರಣ ತುಕ್ಕು ಜೋರು. ಕೂಲಿಂಗ್ ರಂಧ್ರದಲ್ಲಿ ಬೋರ್‌ವೆಲ್ ನೀರು ಬಿಟ್ಟರೆ ತುಕ್ಕು, ಸುಣ್ಣದ ಗಾರೆ ಎರಡೂ ಕಟ್ಟಿ, ಕಷ್ಟಪಟ್ಟು ಗಳಿಸಿದ ವಾಹಕತೆ ಆ ಪದರದಲ್ಲೇ ಕಳೆದುಹೋಗುತ್ತದೆ. ಇನ್ಹಿಬಿಟರ್ ಹಾಕಿದ ಮೆದು ನೀರು ಬೇಕೇ ಬೇಕು. ನೈಟ್ರೈಡಿಂಗ್ (ಮೇಲ್ಮೈಗೆ ನೈಟ್ರೋಜನ್ ಸೇರಿಸಿ ಗಡಸು ಮಾಡುವುದು) ಮಾಡಿಸಿದರೂ ಎಚ್13ರಷ್ಟು ಗಡಸು ಪದರ ನಿರೀಕ್ಷಿಸಬೇಡಿ.

ಎರಡು ಕ್ಯಾವಿಟಿ (ಅಚ್ಚಿನ ಗುಳಿ) ಇರುವ ಡೈ ಸಿಕ್ಕರೆ ಒಂದರಲ್ಲಿ ಎಚ್13 ಇನ್ಸರ್ಟ್, ಇನ್ನೊಂದರಲ್ಲಿ ನಿಮ್ಮದು ಹಾಕಿ. ಸ್ಪ್ರೇ, ನೀರು, ಎಲ್ಲ ಒಂದೇ ಇರಲಿ. ಪ್ರತಿ 5,000 ಶಾಟ್‌ಗೆ ಎರಡಕ್ಕೂ ಒಂದೇ ಜಾಗದಲ್ಲಿ, ಒಂದೇ ಬೆಳಕಿನಲ್ಲಿ ಫೋಟೋ ತೆಗೆಯಿರಿ, ಪಕ್ಕದಲ್ಲಿ ಸ್ಕೇಲ್ ಇಟ್ಟು. ಯಾವ ಇನ್ಸರ್ಟ್ ಯಾವ ಕಡೆ ಅಂತ ಮಷಿನ್ ಆಪರೇಟರ್‌ಗೆ ಹೇಳಬೇಡಿ. ಹೇಳಿದರೆ ಹೊಸದಕ್ಕೆ ಸ್ಪ್ರೇ ಸ್ವಲ್ಪ ನಾಜೂಕಾಗಿ ಹೊಡೆಯುತ್ತಾರೆ, ಪಾಪ, ಒಳ್ಳೆ ಮನಸ್ಸಿನಿಂದಲೇ.