ಕಪಿಲೆಯ ದಂಡೆಯಲ್ಲಿ ಒಂದು ಕಾಲುದಾರಿ, ಬೀದಿಯಲ್ಲಿ ಒಂದು ಸೈಕಲ್ ದಾರಿ

ನಂಜನಗೂಡಿನಲ್ಲಿ ಕಪಿಲೆಯ ಪಕ್ಕದ ಬೀದಿಗಳಲ್ಲಿರುವ ಕೆಲವರು, ನಡೆಯುವವರಿಗೂ ಸೈಕಲ್ ತುಳಿಯುವವರಿಗೂ ಅನುಕೂಲವಾಗುವ ಒಂದು ದಾರಿಯ ನಕ್ಷೆ ಮಾಡಿಕೊಡಬೇಕೆಂದು ಕೇಳಿದಾಗ, ನಾನು ಮೈಸೂರಿನ ನನ್ನ ಕಚೇರಿಯಲ್ಲಿ ಕುಳಿತು, ಉಪಗ್ರಹ ಚಿತ್ರದ ಮೇಲೆ ಹಳೆಯ ಸೇತುವೆಯ ಕಡೆಯಿಂದ ಸ್ನಾನಘಟ್ಟವನ್ನು ದಾಟಿ ಮುಂದಕ್ಕೆ, ನೀರಿನಂಚನ್ನೇ ಹಿಡಿದು ಒಂದು ನೀಲಿ ಗೆರೆ ಎಳೆದೆ. ಆ ಗೆರೆಯಲ್ಲಿ ಅರ್ಧದಷ್ಟೂ ಕೊನೆಯ ನಕ್ಷೆಯಲ್ಲಿ ಉಳಿಯಲಿಲ್ಲ. ಅದು ಏಕೆ ಉಳಿಯಲಿಲ್ಲ, ಅದರ ಜಾಗಕ್ಕೆ ಏನು ಬಂತು ಎಂಬುದನ್ನು ಬರೆದಿಟ್ಟರೆ, ಹೊಳೆದಂಡೆಯ ಬೇರೆ ಊರುಗಳಲ್ಲಿ ಇಂಥ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗವಾದೀತು.

ದಾರಿಯ ಅಗಲ ಅಳೆಯುವುದಕ್ಕೆ ಮೊದಲೇ ನಾನು ನೀರಿನ ಎತ್ತರ ಅಳೆಯಬೇಕಿತ್ತು. ಕಪಿಲೆ, ಅಂದರೆ ಕಬಿನಿ, ಕೇರಳದ ವಯನಾಡಿನಿಂದ ಹರಿದು ಬರುವ ನದಿ. ಎಚ್.ಡಿ. ಕೋಟೆ ತಾಲ್ಲೂಕಿನ ಕಬಿನಿ ಜಲಾಶಯದಲ್ಲಿ ನಿಲ್ಲುವುದು ಸುಮಾರು 19.5 ಟಿಎಂಸಿ ನೀರು. ಕೃಷ್ಣರಾಜಸಾಗರದ ಅರ್ಧಕ್ಕಿಂತಲೂ ಕಡಿಮೆ. ಆದ್ದರಿಂದ ವಯನಾಡಿನಲ್ಲಿ ಮಳೆ ಬಿರುಸಾದರೆ ಜಲಾಶಯ ಕೆಲವೇ ದಿನಗಳಲ್ಲಿ ತುಂಬುತ್ತದೆ, ಗೇಟು ತೆರೆಯುತ್ತಾರೆ, ನಂಜನಗೂಡಿನ ತಗ್ಗು ಬೀದಿಗಳಿಗೆ ನೀರು ನುಗ್ಗುತ್ತದೆ. 2019ರ ಆಗಸ್ಟ್‌ನಲ್ಲಿ ಮೈಸೂರು–ನಂಜನಗೂಡು ರಸ್ತೆಯ ಮೇಲೂ ನೀರು ಹರಿದು ಸಂಚಾರ ನಿಂತದ್ದನ್ನು ಈ ಭಾಗದವರು ಮರೆತಿಲ್ಲ. ಜಲಾಶಯದಿಂದ ಎಷ್ಟು ಕ್ಯೂಸೆಕ್ಸ್ ಹೊರಬಿಟ್ಟರು ಎಂಬ ಲೆಕ್ಕ ದಿನಪತ್ರಿಕೆಯಲ್ಲಿ ಸಿಗುತ್ತದೆ. ಆದರೆ ಯಾವ ಓಣಿಯಲ್ಲಿ, ಯಾರ ಮನೆಯ ಎಷ್ಟನೆಯ ಮೆಟ್ಟಿಲವರೆಗೆ ನೀರು ಬಂತು ಎಂಬುದು ಅಲ್ಲಿ ಸಿಗುವುದಿಲ್ಲ. ಅದಕ್ಕಾಗಿ ನಾನು ತೋಪಿನ ಬೀದಿ, ಹಳ್ಳದ ಕೇರಿ, ಗೌರಿಘಟ್ಟದ ಬೀದಿಗಳಲ್ಲಿ ಮನೆಯಿಂದ ಮನೆಗೆ ಹೋಗಿ, ಗೋಡೆಯ ಮೇಲಿನ ಕೆಸರುಗೆರೆಯನ್ನು ತೋರಿಸಿ ಎಂದು ಕೇಳಿದೆ. ಸುಣ್ಣ ಬಳಿದು ಗೆರೆ ಮುಚ್ಚಿಹೋದ ಮನೆಗಳಲ್ಲಿಯೂ ಹೆಂಗಸರು ಸೊಂಟಕ್ಕೋ ಮೊಣಕಾಲಿಗೋ ಕೈಯಿಟ್ಟು ಎತ್ತರ ಹೇಳಿದರು. ಹೊಳೆಯಲ್ಲಿರುವ ಹದಿನಾರು ಕಾಲು ಮಂಟಪವಂತೂ ಇಡೀ ಊರಿನ ಅಳತೆಗೋಲು. “ಮಂಟಪದ ಕಂಬ ಅರ್ಧ ಮುಳುಗ್ತು ಅಂದ್ರೆ ನಾವು ಗಂಟುಮೂಟೆ ಕಟ್ಕೊಳ್ಳೋದೇ ಸಾ” ಎಂದು ಒಬ್ಬ ಅಜ್ಜಿ ಹೇಳಿದ ಮೇಲೆ, ನಾನು ಮಂಟಪದ ಕಂಬಗಳನ್ನೇ ಆಧಾರವಾಗಿಟ್ಟುಕೊಂಡು ಲೆವೆಲ್ ಯಂತ್ರದಿಂದ ಆ ಎಲ್ಲ ಗುರುತುಗಳನ್ನು ಒಂದೇ ಲೆಕ್ಕಕ್ಕೆ ತಂದೆ. ನಕ್ಷೆಯ ಮೇಲೆ ಎರಡು ಗೆರೆಗಳು ಮೂಡಿದವು: ಹೆಚ್ಚುಕಡಿಮೆ ಪ್ರತಿ ಮಳೆಗಾಲದಲ್ಲಿ ನೀರು ಮುಟ್ಟುವ ಗೆರೆ, ಮತ್ತು 2019ರ ಗೆರೆ. ನನ್ನ ನೀಲಿ ಗೆರೆ ಬಹುಪಾಲು ಮೊದಲನೆಯದಕ್ಕಿಂತಲೂ ಕೆಳಗಿತ್ತು.

ಇದಕ್ಕಿಂತ ದೊಡ್ಡ ತಪ್ಪು ದಂಡೆಯ ಮೇಲೆ ನಿಂತಾಗ ಕಂಡಿತು. ಒಂದು ಸಾಮಾನ್ಯ ಬುಧವಾರ, ಒಂದು ಸೋಮವಾರ, ಒಂದು ಹುಣ್ಣಿಮೆಯ ದಿನ, ಬೆಳಗಿನ ಐದೂವರೆಯಿಂದ ಸಂಜೆ ಏಳರವರೆಗೆ ಇಬ್ಬರು ವಿದ್ಯಾರ್ಥಿಗಳೊಡನೆ ಕುಳಿತು, ಹದಿನೈದು ನಿಮಿಷಕ್ಕೊಮ್ಮೆ ಯಾರು ಬಂದರು, ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು ಎಂದು ಬರೆದುಕೊಂಡೆ. ಸೋಮವಾರ ನಂಜುಂಡೇಶ್ವರನ ವಾರವಾದ್ದರಿಂದ ಬುಧವಾರದ ಲೆಕ್ಕಕ್ಕೂ ಅದಕ್ಕೂ ಹೋಲಿಕೆಯೇ ಇರಲಿಲ್ಲ. ಒಂದೇ ದಿನ ಎಣಿಸಿ ಹೋಗಿದ್ದರೆ ದಾರಿಯ ಅಗಲವನ್ನು ಪೂರ್ತಿ ತಪ್ಪಾಗಿ ನಿರ್ಧರಿಸುತ್ತಿದ್ದೆ. ಮುಡಿ ಕೊಟ್ಟು ಮೀಯಲು ಬಂದವರು, ಒದ್ದೆ ಬಟ್ಟೆಯಲ್ಲಿಯೇ ದೇವಸ್ಥಾನದ ಕಡೆ ನಡೆಯುವವರು, ಅಪರಕರ್ಮಕ್ಕೆ ಬಂದು ಒಂದು ಮೂಲೆಯಲ್ಲಿ ಮೌನವಾಗಿ ಕುಳಿತ ಕುಟುಂಬಗಳು, ಎಮ್ಮೆಗಳನ್ನು ನೀರಿಗಿಳಿಸುವ ಹುಡುಗರು, ಬಟ್ಟೆ ಒಗೆಯುವ ಹೆಂಗಸರು, ಇವರೆಲ್ಲರೂ ದಂಡೆಯನ್ನು ಬಹಳ ಹಿಂದೆಯೇ ತಮ್ಮತಮ್ಮೊಳಗೆ ಹಂಚಿಕೊಂಡಿದ್ದರು. ನಾನು ಖಾಲಿ ಜಾಗ ಎಂದುಕೊಂಡಿದ್ದ ಒಂದು ತಿರುವು, ಒಗೆಯುವ ಕಲ್ಲುಗಳ ಸಾಲು. “ನೀವು ರಸ್ತೆ ಮಾಡಿದ್ರೆ ನಮ್ಮ ಕಲ್ಲು ಎಲ್ಲಿಗೆ ಹೋಯ್ತದೆ ಸ್ವಾಮಿ?” ಎಂದು ಅಲ್ಲಿದ್ದ ಒಬ್ಬಾಕೆ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಇನ್ನೊಂದು ವಿಷಯವನ್ನು, ನಕ್ಷೆಯ ಬಗ್ಗೆ ಊರಿನವರೊಡನೆ ನಡೆದ ಸಭೆಯಲ್ಲಿ ಯಾರೂ ಎತ್ತಲಿಲ್ಲ, ಏಕೆಂದರೆ ಸಭೆಗೆ ಬಂದವರೆಲ್ಲ ಗಂಡಸರು. ಕೆಲವು ದಿನಗಳ ನಂತರ ಹೂ ಮಾರುವ ಒಬ್ಬ ತಾಯಿ ನನ್ನನ್ನು ಪಕ್ಕಕ್ಕೆ ಕರೆದು, ಮಿಂದ ಹೆಂಗಸರು ಬಟ್ಟೆ ಬದಲಾಯಿಸುವ ಜಾಗದ ಮೇಲ್ಗಡೆಯೇ ನಿಮ್ಮ ದಾರಿ ಹೋಗುತ್ತದಲ್ಲ, ನೋಡುವವರು ನಿಂತು ನೋಡುವುದಿಲ್ಲವೇ ಎಂದು ಕೇಳಿದರು. ಎತ್ತರದಲ್ಲಿ ಕಟ್ಟೆ ಕಟ್ಟಿ, ಬೆಂಚು ಹಾಕಿ, ಹೊಳೆಯ ನೋಟ ಸಿಗುವಂತೆ ಮಾಡಬೇಕೆಂದು ನಾನು ಹೆಮ್ಮೆಯಿಂದ ಬರೆದಿದ್ದ ಜಾಗವೇ ಅದು. ಅಂದಿನಿಂದ ಯಾವುದೇ ನದೀತೀರದ ಕೆಲಸದಲ್ಲಿ ಹೆಂಗಸರೊಂದಿಗೆ ಬೇರೆಯಾಗಿ, ಅವರಿಗೆ ಬಿಡುವಾದ ಹೊತ್ತಿಗೆ, ಮಾತನಾಡದೆ ನಾನು ಗೆರೆ ಎಳೆಯುವುದಿಲ್ಲ.

ಹೀಗಾಗಿ ಒಂದೇ ದಾರಿಯಲ್ಲಿ ಎಲ್ಲರನ್ನೂ ಕೂಡಿಸುವ ಯೋಚನೆ ಬಿಟ್ಟೆ. ಸೈಕಲ್‌ನವರನ್ನು ಕೇಳಿದಾಗ ಅದು ಸರಿಯೆಂದೂ ತಿಳಿಯಿತು. ಆ ಬೀದಿಗಳಲ್ಲಿ ಸೈಕಲ್ ತುಳಿಯುವವರು ಹಾಲಿನ ಕ್ಯಾನು ಕಟ್ಟಿಕೊಂಡವರು, ಬಾಳೆಲೆ ಹೊತ್ತವರು, ಶಾಲೆಯ ಮಕ್ಕಳು. ಅವರಿಗೆ ಹೊಳೆಯ ನೋಟ ಬೇಕಾಗಿರಲಿಲ್ಲ, ಲಾರಿಗಳು ಓಡುವ ಹೆದ್ದಾರಿಗೆ ಇಳಿಯದೆ ಪೇಟೆಗೂ ಬಸ್ ನಿಲ್ದಾಣಕ್ಕೂ ತಲುಪುವ ದಾರಿ ಬೇಕಿತ್ತು. ಆದ್ದರಿಂದ ಸೈಕಲ್ ದಾರಿಯನ್ನು 2019ರ ಗೆರೆಯ ಆಸುಪಾಸಿನ ಒಳಬೀದಿಗಳಿಗೆ ತಿರುಗಿಸಿದೆ. ಆ ಬೀದಿಗಳು ಪ್ರತ್ಯೇಕ ಪಥಕ್ಕೆ ಸಾಲುವಷ್ಟು ಅಗಲವಿಲ್ಲ. ಹಾಗಾಗಿ ಒಂದು ಬದಿಯಲ್ಲಿ ಮಾತ್ರ ವಾಹನ ನಿಲ್ಲಿಸುವುದು, ತಿರುವುಗಳಲ್ಲಿ ರಸ್ತೆಯನ್ನು ಸ್ವಲ್ಪ ಎತ್ತರಿಸಿ ವೇಗ ತಗ್ಗಿಸುವುದು, ಇಷ್ಟನ್ನೇ ಸೂಚಿಸಿದೆ. ವಾಹನ ನಿಲುಗಡೆಯ ವಿಷಯಕ್ಕೆ ಅಂಗಡಿಯವರು ಮುನಿಸಿಕೊಂಡರು. ತಿಂಗಳಿಗೊಮ್ಮೆ ಬದಿ ಬದಲಾಯಿಸೋಣ ಎಂದು ಅವರೇ ಸೂಚಿಸಿದ ಮೇಲೆ ಒಪ್ಪಿಗೆಯಾಯಿತು.

ಕಾಲುದಾರಿ ಮಾತ್ರ ಹೊಳೆಯ ಹತ್ತಿರ ಉಳಿಯಿತು, ಅದೂ ತುಂಡುತುಂಡಾಗಿ. ಒಗೆಯುವ ಕಲ್ಲುಗಳ ಹತ್ತಿರ ಅದು ಹಿಂದಿನ ಓಣಿಗೆ ಸರಿಯುತ್ತದೆ, ಬಟ್ಟೆ ಬದಲಾಯಿಸುವ ಜಾಗವನ್ನು ದೂರವಿಟ್ಟು ಸುತ್ತಿಕೊಂಡು ಹೋಗುತ್ತದೆ, ಆಮೇಲೆ ಮತ್ತೆ ನೀರಿನ ಕಡೆ ಇಳಿಯುತ್ತದೆ. ರಸ್ತೆಗಳಿಗೆ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಪಾದಚಾರಿ ಮಾರ್ಗಕ್ಕೆ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಕೇಳುತ್ತದೆ. ಗಾಲಿಕುರ್ಚಿಗೆ ಹನ್ನೆರಡಕ್ಕೆ ಒಂದಕ್ಕಿಂತ, ಅಂದರೆ ಹನ್ನೆರಡು ಅಡಿ ಉದ್ದಕ್ಕೆ ಒಂದು ಅಡಿ ಏರುವುದಕ್ಕಿಂತ, ಕಡಿದಾದ ಇಳಿಜಾರು ಆಗದು. ಸ್ನಾನಘಟ್ಟದ ಹಳೆಯ ಮೆಟ್ಟಿಲುಗಳನ್ನು ಮುಟ್ಟದೆ ಆ ಇಳಿಜಾರು ಹೊಂದಿಸುವುದಕ್ಕೇ ಏಳು ಸಲ ನಕ್ಷೆ ಬದಲಾಯಿಸಿದೆ.

ಜಮೀನಿನ ದಾಖಲೆಯ ಕೆಲಸ ಬೇಸರದ್ದು, ಆದರೆ ಬಿಡುವಂತಿಲ್ಲ. ಫೋನಿನ ನಕ್ಷೆಯನ್ನು ನಂಬಿ ಒಂದು ಕಡೆ ಸರ್ಕಾರಿ ಖರಾಬು (ಸಾಗುವಳಿಗೆ ಬಾರದ ಸರ್ಕಾರಿ ಜಾಗ) ಎಂದು ಬರೆದುಕೊಂಡಿದ್ದೆ. ಸರ್ವೆಯರು ಜಮೀನಿನ ಅಳತೆಯ ಟಿಪ್ಪಣಿ ಹಿಡಿದು ಬಂದು ಅಳೆದಾಗ, ಗಡಿ ತೋರಿಸುವ ಬಾಂದು ಕಲ್ಲು ನಾಲ್ಕು ಮೀಟರ್ ಆಚೆ ಸಿಕ್ಕಿತು. ನನ್ನ ದಾರಿ ಒಬ್ಬರ ತೆಂಗಿನ ತೋಟದೊಳಗೆ ಇತ್ತು. ಆ ಯಜಮಾನರು ಎಳನೀರು ಕೊಟ್ಟು ಕಳಿಸಿದರು, ಜಾಗ ಕೊಡಲಿಲ್ಲ.

ಸಾಮಗ್ರಿಯ ವಿಚಾರದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಪ್ರವಾಹದ ಗೆರೆಯ ಕೆಳಗೆ ಸಿಮೆಂಟ್ ಇಂಟರ್‌ಲಾಕ್ ಹಾಕಬಾರದು. ಅಡಿಯ ಮರಳು ಕೊಚ್ಚಿಹೋದರೆ ಅದು ಒಂದೇ ಮಳೆಗಾಲಕ್ಕೆ ಕಿತ್ತು ಬರುತ್ತದೆ. ದಪ್ಪ ಕಲ್ಲುಚಪ್ಪಡಿಯೇ ಸರಿ, ಅದೂ ನುಣುಪು ಮಾಡದೆ ಉಳಿ ಹೊಡೆದದ್ದು, ಇಲ್ಲದಿದ್ದರೆ ಪಾಚಿಯ ಮೇಲೆ ಹಿರಿಯರು ಜಾರುತ್ತಾರೆ. ದೀಪದ ಕಂಬದ ವೈರಿಂಗ್ ಪೆಟ್ಟಿಗೆ 2019ರ ಗೆರೆಗಿಂತ ಮೇಲಿರಬೇಕು. ನೆರಳಿಗೆ ಹೊಳೆಮತ್ತಿ ಮತ್ತು ಹೊಂಗೆ ಬರೆದೆ. ನೀರು ನಿಂತರೂ ಸಾಯದ, ಬೇರಿನಿಂದ ದಂಡೆಯ ಮಣ್ಣು ಹಿಡಿಯುವ ಮರಗಳು ಅವು.

ನಕ್ಷೆ ಕೊಡುವುದಕ್ಕೆ ಮುನ್ನ ಒಂದು ಭಾನುವಾರ ಸುಮಾರು ಮುನ್ನೂರು ಮೀಟರ್ ಉದ್ದಕ್ಕೆ ಸುಣ್ಣದ ಪುಡಿಯಲ್ಲಿ ಕಾಲುದಾರಿಯ ಅಂಚನ್ನು ಎಳೆದು, ಒಳಬೀದಿಯಲ್ಲಿ ಒಂದು ಬದಿಯ ನಿಲುಗಡೆಯನ್ನು ಜಾರಿಗೆ ತಂದು ನೋಡಿದೆವು. ಹೂ ಮಾರುವವರು ಸುಣ್ಣದ ಗೆರೆಯ ಒಳಗೇ ಬುಟ್ಟಿಯಿಟ್ಟು ಕುಳಿತರು, ಏಕೆಂದರೆ ನೆರಳು ಅಲ್ಲಿ ಮಾತ್ರ ಇತ್ತು. ಅವರನ್ನು ಎಬ್ಬಿಸುವ ಬದಲು ಆ ಜಾಗದಲ್ಲಿ ದಾರಿಯನ್ನು ಎರಡು ಮೀಟರ್ ಅಗಲಗೊಳಿಸಿ, ಬುಟ್ಟಿಗಳಿಗೆ ಒಂದು ಜಗಲಿಯನ್ನು ನಕ್ಷೆಗೆ ಸೇರಿಸಿದೆ. ನಕ್ಷೆ ಈಗ ಒಂದು ಕಚೇರಿಯ ಕಡತದಲ್ಲಿದೆ. ಸುಣ್ಣದ ಗೆರೆ ಮರುವಾರದ ಮಳೆಗೆ ತೊಳೆದುಹೋಯಿತು, ಅಂಗಡಿಯವರು ಮಾತ್ರ ಇಂದಿಗೂ ಒಂದೇ ಬದಿಯಲ್ಲಿ ವಾಹನ ನಿಲ್ಲಿಸಿ ತಿಂಗಳಿಗೊಮ್ಮೆ ಬದಿ ಬದಲಾಯಿಸುತ್ತಿದ್ದಾರೆ.