ಕಾಲೇಜಿಗೆ ಸೇರಿಸುವ ಮುಂಚೆ ಆ ಕೋಣೆಯನ್ನೊಮ್ಮೆ ನೋಡಿ ಬನ್ನಿ

ಇಂಗ್ಲೆಂಡಿಗೆ ಹೊಸದಾಗಿ ಬಂದಿದ್ದು, ಮನೆಯಲ್ಲಿ ಹದಿನಾರು ತುಂಬುತ್ತಿರುವ ಮಗನೋ ಮಗಳೋ ಇದ್ದರೆ ಇದು ನಿಮಗಾಗಿ. ಜಿಸಿಎಸ್‌ಇ (ಹದಿನಾರರ ಹೊತ್ತಿಗೆ ಬರೆಯುವ ಶಾಲಾ ಪರೀಕ್ಷೆ) ಮುಗಿಸಿದ ಮಕ್ಕಳು ಸೇರುವ ಫರ್ದರ್ ಎಜುಕೇಶನ್ ಕಾಲೇಜು ಅಂದರೆ ನಮ್ಮ ಪಿಯುಸಿ ಇದ್ದ ಹಾಗೆ ಅಂದುಕೊಂಡೇ ನಾನೂ ಹೋದೆ. ವಯಸ್ಸೊಂದು ಬಿಟ್ಟರೆ ಬೇರೇನೂ ಹೊಂದುವುದಿಲ್ಲ. ಯೂನಿವರ್ಸಿಟಿಗೆ ಹೋಗಲು ಎ-ಲೆವೆಲ್ ಓದುವವರ ಪಕ್ಕದಲ್ಲೇ ಪ್ಲಂಬಿಂಗ್ ಕಲಿಯುವ ಹುಡುಗರು, ಅಡುಗೆ ಕಲಿಯುವವರು, ಇಂಗ್ಲಿಷ್ ಕಲಿಯಲು ಬಂದ ನಲವತ್ತು ದಾಟಿದ ತಾಯಂದಿರು ಎಲ್ಲರೂ ಇರುತ್ತಾರೆ. ಸೇರಿಸುವ ಕಾಗದಪತ್ರಕ್ಕೆ ತಲೆ ಕೆಡಿಸಿಕೊಳ್ಳಬೇಡಿ: ಪಾಸ್‌ಪೋರ್ಟ್, ಇ-ವೀಸಾ, ಮನೆ ವಿಳಾಸಕ್ಕೊಂದು ದಾಖಲೆ, ಅಂಕಪಟ್ಟಿ. ಇಂಗ್ಲಿಷ್, ಗಣಿತದಲ್ಲಿ ಗ್ರೇಡ್ 4, ಅಂದರೆ ಪಾಸು, ಬಂದಿಲ್ಲದಿದ್ದರೆ ಅವನ್ನು ಅಲ್ಲೂ ಮುಂದುವರಿಸಬೇಕು. ಅಷ್ಟೇ.

ನಾನು ಹೇಳಬೇಕಾದದ್ದು ಚಾಪ್ಲೆನ್ಸಿಯ ವಿಷಯ: ಕಾಲೇಜಿನಲ್ಲಿ ಪ್ರಾರ್ಥನೆಗೂ ಮನಸ್ಸಿನ ಮಾತು ಹೇಳಿಕೊಳ್ಳುವುದಕ್ಕೂ ಇರುವ ಕೋಣೆ, ಅಲ್ಲಿ ಕೂತು ಕೇಳಿಸಿಕೊಳ್ಳುವ ಚಾಪ್ಲೆನ್. ಏಕೆಂದರೆ ಅಲ್ಲೇ ನಾನು ದೊಡ್ಡ ತಪ್ಪು ಮಾಡಿದೆ.

ಸೇರುವ ಮುಂಚೆ ಕಾಲೇಜು ನೋಡಲು ಕರೆಯುವ ಓಪನ್ ಈವ್ನಿಂಗ್ ದಿನ ಕಾಲೇಜಿನ ಮೊಗಸಾಲೆಯಲ್ಲಿ ಒಂದು ಮೇಜು ಹಾಕಿದ್ದರು. ಮೇಲೆ 'ಮಲ್ಟಿ-ಫೇತ್ ಚಾಪ್ಲೆನ್ಸಿ' ಅಂತ ಫಲಕ. ಹಿಂದೆ ನಿಂತಿದ್ದ ಹೆಂಗಸಿನ ಕೊರಳಲ್ಲಿ ಪಾದ್ರಿಗಳು ಹಾಕುವ ಬಿಳಿ ಪಟ್ಟಿ. ಮಗಳು ಅತ್ತ ತಿರುಗಿದ್ದೇ ತಡ, ಅವಳ ಕೈ ಹಿಡಿದು ಎಳೆದುಕೊಂಡೆ. "ಅಲ್ಲಿಗೆಲ್ಲ ಹೋಗ್ಬೇಡ. ಚರ್ಚಿನವರು. ಟೀ ಕುಡಿ ಅಂತ ಶುರು ಮಾಡ್ತಾರೆ, ಆಮೇಲೆ ಬಿಡಲ್ಲ" ಅಂದೆ. ಆ ಹೆಂಗಸಿನ ಒಂದು ಮಾತನ್ನೂ ನಾನು ಕೇಳಿರಲಿಲ್ಲ. ಊರಿನಲ್ಲಿ ಕೇಳುತ್ತಾ ಬೆಳೆದ ಭಯವನ್ನೇ ಗಂಟು ಕಟ್ಟಿಕೊಂಡು ಬಂದಿದ್ದೆ.

ಮರುವರ್ಷ ಫೆಬ್ರವರಿಯಲ್ಲಿ ತಿಪಟೂರಿನಲ್ಲಿ ನನ್ನ ಅತ್ತೆ ತೀರಿಕೊಂಡರು. ಮಗಳನ್ನು ಏಳು ವರ್ಷದ ತನಕ ಎತ್ತಿ ಆಡಿಸಿದ ಜೀವ ಅದು. ನಮ್ಮ ಯಜಮಾನರು ಸಿಕ್ಕಿದ ವಿಮಾನ ಹತ್ತಿ ಹೊರಟರು. ನಾನು, ಮಗಳು, ಚಿಕ್ಕ ಮಗ ಇಲ್ಲೇ ಉಳಿದೆವು. ಸಂಸ್ಕಾರವನ್ನು ಫೋನಿನಲ್ಲಿ ನೋಡಿದೆವು, ಅದೂ ನಡುನಡುವೆ ನಿಂತು ನಿಂತು. ಮಾರನೆಯ ದಿನ ನಾನು ಕೆಲಸಕ್ಕೆ, ಅವಳು ಕಾಲೇಜಿಗೆ. ಅವಳು ಅಳಲಿಲ್ಲ. ಗಟ್ಟಿ ಹುಡುಗಿ ಅಂದುಕೊಂಡೆ.

ಆರನೆಯ ದಿನ ಮಧ್ಯಾಹ್ನ ವಾಟ್ಸಾಪ್ ಬಂತು: "ಅಮ್ಮ, ಸೂತಕ ಅನ್ನೋದಕ್ಕೆ ಇಂಗ್ಲಿಷಲ್ಲಿ ಏನು?" ಯಾರಿಗೆ ಹೇಳಬೇಕಿತ್ತು ಅಂತ ಕೇಳಿದೆ. "ಚಾಪ್ಲೆನ್‌ಗೆ."

ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ಮರುದಿನ ರಜೆ ಹಾಕಿ ನೇರ ಕಾಲೇಜಿಗೆ ಹೋದೆ. ಚಾಪ್ಲೆನ್ಸಿ ಕೋಣೆಯ ಬಾಗಿಲಿನ ಹೊರಗೆ ಚಪ್ಪಲಿ ಬಿಡುವ ಕಪಾಟು. ಒಳಗೆ ಗೋಡೆಯಲ್ಲಿ ಶಿಲುಬೆಯಿಲ್ಲ, ಯಾವ ದೇವರ ಪಟವೂ ಇಲ್ಲ. ಒಂದು ಮೂಲೆಯಲ್ಲಿ ಸುತ್ತಿಟ್ಟ ನಮಾಜಿನ ಚಾಪೆಗಳು, ಕಿಬ್ಲಾ, ಅಂದರೆ ಮೆಕ್ಕಾದ ದಿಕ್ಕು, ಯಾವ ಕಡೆ ಅಂತ ತೋರಿಸುವ ಸಣ್ಣ ಬಾಣ. ಶೆಲ್ಫಿನಲ್ಲಿ ಕುರಾನ್, ಬೈಬಲ್, ಗೀತೆ ಒಟ್ಟಿಗೆ. ಕೆಟಲ್ಲು, ಟಿಶ್ಯೂ ಡಬ್ಬ, ನಾಲ್ಕು ಕುರ್ಚಿ. ಕಿಟಕಿಯ ಕಟ್ಟೆಯ ಮೇಲೆ ಬ್ಯಾಟರಿ ಹಾಕುವ ಪುಟ್ಟ ಪ್ಲಾಸ್ಟಿಕ್ ದೀಪಗಳು. ಫೈರ್ ಅಲಾರಂ ಇರುವುದರಿಂದ ಅಲ್ಲಿ ನಿಜವಾದ ಬತ್ತಿ ಹಚ್ಚುವಂತಿಲ್ಲ.

"ನನ್ನ ಮಗಳು ನಿಮ್ಮ ಹತ್ತಿರ ಏನು ಹೇಳಿದಳು?" ಅಂತ ಚಾಪ್ಲೆನ್‌ರನ್ನು ಕೇಳಿದೆ. ಆಕೆ, "ಅದನ್ನು ನಾನು ಹೇಳುವಂತಿಲ್ಲ, ಅವಳನ್ನೇ ಕೇಳಿ" ಅಂದರು. ಹೆತ್ತವಳಿಗೇ ಹೇಳುವುದಿಲ್ಲ ಅಂದರೆ ಹೇಗೆ ಅಂತ ಕೋಪ ನೆತ್ತಿಗೇರಿತು. ಎದ್ದು ಬಂದೆ.

ರಾತ್ರಿ ಪಾತ್ರೆ ತೊಳೆಯುವಾಗ ಮಗಳೇ ಹೇಳಿದಳು. ಚಾಪ್ಲೆನ್ ಧರ್ಮದ ಮಾತೇ ಎತ್ತಿರಲಿಲ್ಲವಂತೆ. "ನಿಮ್ಮ ಅಜ್ಜಿ ಸಂಜೆ ಹೊತ್ತು ಏನು ಮಾಡ್ತಿದ್ರು?" ಅಂತ ಕೇಳಿದರಂತೆ. ಮಗಳು ಅಜ್ಜಿಯ ಮಾತನ್ನು ಕನ್ನಡದಲ್ಲೇ ಹೇಳಿದಳಂತೆ: "ಕೈಕಾಲು ಮುಖ ತೊಳ್ಕೊಂಡ್ ಬಾ ಪುಟ್ಟಿ, ದೀಪ ಹಚ್ಚೋ ಹೊತ್ತಾಯ್ತು." ಅರ್ಥವಾಗದಿದ್ದರೂ ಆಕೆ, ಇನ್ನೊಂದು ಸಲ ಹೇಳು ಅಂದರಂತೆ. ಅಲ್ಲಿ ಅವಳಿಗೆ ಅಳು ಬಂತು. ಅಜ್ಜಿಗೆ ಒಂದು ದೀಪ ಹಚ್ಚುವ ಆಸೆ, ಸೂತಕದಲ್ಲಿ ಹಚ್ಚಿದರೆ ತಪ್ಪಾದೀತೋ ಅನ್ನುವ ಹೆದರಿಕೆ. "ಅದು ನನಗೆ ಗೊತ್ತಿಲ್ಲಮ್ಮ, ನಿನ್ನ ತಾಯಿಯನ್ನು ಕೇಳು" ಅಂತ ಆಕೆಯೇ ಅವಳನ್ನು ನನ್ನ ಕಡೆ ಕಳಿಸಿದ್ದರು. ವಾಟ್ಸಾಪ್ ಬಂದದ್ದು ಹಾಗೆ.

ದೇವರ ಮುಂದೆ ಹಚ್ಚುವುದಿಲ್ಲ ಕಂದ, ಅಜ್ಜಿ ಫೋಟೋ ಮುಂದೆ ಹಚ್ಚಬಹುದು, ಊರಲ್ಲೂ ಹಚ್ಚಿಟ್ಟಿದ್ದಾರೆ ಅಂದೆ. ಇಬ್ಬರೂ ಸೇರಿ ಹಚ್ಚಿದೆವು. ಆರು ದಿನದಲ್ಲಿ ನಾನು ಅವಳಿಗೆ ಅಜ್ಜಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಊರಿನಲ್ಲಾಗಿದ್ದರೆ ಕೇಳುವ ಕೆಲಸ ನನ್ನದಾಗುತ್ತಿರಲಿಲ್ಲ. ಸಾವಿನ ಮನೆಯಲ್ಲಿ ಹನ್ನೊಂದನೆಯ ದಿನದ ತನಕ ಜನ ಬಂದು ಹೋಗುತ್ತಲೇ ಇರುತ್ತಾರೆ. ಪಕ್ಕದ ಮನೆಯವರು ಅನ್ನ ಸಾರು ತಂದಿಡುತ್ತಾರೆ, ಯಾರೋ ದೊಡ್ಡಮ್ಮ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಸತ್ತವರ ಕಥೆ ಹೇಳುತ್ತಾರೆ. ದುಃಖವನ್ನು ಬೀದಿಯೇ ಹಂಚಿಕೊಳ್ಳುತ್ತದೆ. ಇಲ್ಲಿ ಬಾಗಿಲು ಹಾಕಿದರೆ ಒಳಗೆ ನಾವು ಮೂರೇ ಜನ. ಕೆಲಸ, ಮನೆ ಸಾಲ, ಮಕ್ಕಳ ಓದು ಎಲ್ಲದರ ಲೆಕ್ಕ ಹಾಕಿ ಬಂದಿದ್ದೆವು. ಆ ದೊಡ್ಡಮ್ಮನ ಜಾಗದಲ್ಲಿ ಇಲ್ಲಿ ಯಾರು ಕೂರುತ್ತಾರೆ ಅಂತ ಯೋಚಿಸಿರಲಿಲ್ಲ.

ಈಗ ನಿಮಗೆ ಬೇಕಾದ ವಿಷಯ. ಚಾಪ್ಲೆನ್ಸಿ ಮತಾಂತರದ ಜಾಗವಲ್ಲ, ಎಲ್ಲ ಧರ್ಮದವರಿಗೂ ಯಾವ ಧರ್ಮವೂ ಇಲ್ಲದವರಿಗೂ ತೆರೆದದ್ದು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಶೇ. 37.2 ಜನ ತಮಗೆ ಧರ್ಮವಿಲ್ಲ ಎಂದು ಬರೆಸಿದ್ದಾರೆ. ಹಿಂದೂಗಳು ಶೇ. 1.7, ಮುಸ್ಲಿಮರು ಶೇ. 6.5. ಜೈಲಿಗೊಬ್ಬ ಚಾಪ್ಲೆನ್ ಇರಬೇಕೆಂದು 1952ರ ಕಾಯ್ದೆಯೇ ಹೇಳುತ್ತದೆ, ಕಾಲೇಜಿಗೆ ಅಂಥ ಕಡ್ಡಾಯವಿಲ್ಲ. ಹಾಗಾಗಿ ಒಂದು ಕಾಲೇಜಿನಲ್ಲಿ ದೊಡ್ಡ ತಂಡವಿದ್ದರೆ ಇನ್ನೊಂದರಲ್ಲಿ ವಾರಕ್ಕೆರಡು ದಿನ ಬರುವ ಒಬ್ಬರು, ಮತ್ತೊಂದರಲ್ಲಿ ಖಾಲಿ ಕೋಣೆ ಮಾತ್ರ. ಸೇರಿಸುವ ಮುಂಚೆಯೇ ಕೇಳಿ: ಯಾರಿದ್ದಾರೆ, ಯಾವ ದಿನ ಬರುತ್ತಾರೆ?

ಮಗು ಹೇಳಿದ್ದನ್ನು ಅವರು ನಿಮಗೆ ಹೇಳುವುದಿಲ್ಲ. ಆದರೆ ಜೀವಕ್ಕೆ ಅಪಾಯ, ಹಿಂಸೆ ಇಂಥದ್ದು ಕಂಡರೆ ಮಕ್ಕಳ ಸುರಕ್ಷತೆ ನೋಡಿಕೊಳ್ಳುವ ಕಾಲೇಜಿನ ಸೇಫ್‌ಗಾರ್ಡಿಂಗ್ ಅಧಿಕಾರಿಗೆ ತಿಳಿಸಲೇಬೇಕು, ಅದನ್ನು ಮಗುವಿಗೂ ಹೇಳುತ್ತಾರೆ. ಕೋಣೆಯ ಬಳಕೆಗೆ ನಿಯಮಗಳಿರುತ್ತವೆ. 2015ರ ಭಯೋತ್ಪಾದನಾ ನಿಗ್ರಹ ಕಾನೂನಿನ ಕೆಳಗೆ, ಮಕ್ಕಳು ಭಯೋತ್ಪಾದನೆಯತ್ತ ವಾಲದ ಹಾಗೆ ನೋಡಿಕೊಳ್ಳುವ ಹೊಣೆ ಕಾಲೇಜುಗಳಿಗೂ ಇದೆ, ಗಾಬರಿಯಾಗಬೇಡಿ. ಹುಬ್ಬಳ್ಳಿ ಕಡೆಯ ನಮ್ಮ ಮುಸ್ಲಿಂ ಸ್ನೇಹಿತರೊಬ್ಬರ ಮಗನಿಗೆ ಈ ಕೋಣೆಯೇ ಆಧಾರ. ಡಿಸೆಂಬರಿನಲ್ಲಿ ನಾಲ್ಕಕ್ಕೆಲ್ಲ ಸೂರ್ಯ ಮುಳುಗುವುದರಿಂದ ಮಧ್ಯಾಹ್ನದ, ಸಂಜೆಯ ನಮಾಜುಗಳೆಲ್ಲ ತರಗತಿಯ ಹೊತ್ತಿಗೇ ಬಂದು ಬೀಳುತ್ತವೆ. ಚಾಪ್ಲೆನ್ ಟ್ಯೂಟರ್ ಹತ್ತಿರ ಮಾತಾಡಿ ಹತ್ತು ನಿಮಿಷ ಬಿಡಿಸಿಕೊಟ್ಟರು.

ಹಬ್ಬದ ರಜೆಗೆ ಸುಳ್ಳು ಹೇಳಬೇಡಿ, ಇದನ್ನಂತೂ ಕೈಮುಗಿದು ಹೇಳುತ್ತೇನೆ. ಮೊದಲ ದೀಪಾವಳಿಗೆ ನಾನು ಫೋನ್ ಮಾಡಿ ಮಗಳಿಗೆ ಹುಷಾರಿಲ್ಲ ಅಂದೆ. ಅವಳು ಹೊಸ ಬಟ್ಟೆ ಹಾಕಿಕೊಂಡು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ನಮ್ಮ ಹಬ್ಬ ಮುಚ್ಚಿಡುವ ವಸ್ತು ಅಂತ ಆ ಒಂದು ನಿಮಿಷದಲ್ಲಿ ನಾನೇ ಕಲಿಸಿಬಿಟ್ಟೆ. ಎಷ್ಟು ವರ್ಷವಾದರೂ ಅದು ಚುಚ್ಚುತ್ತದೆ. ಎರಡು ವಾರ ಮುಂಚೆ ಟ್ಯೂಟರ್‌ಗೆ ಇಮೇಲ್ ಹಾಕಿ, ಹಬ್ಬ ಎಂದೇ ಬರೆಯಿರಿ. ಧರ್ಮ, ನಂಬಿಕೆಗಳ ಕಾರಣಕ್ಕೆ ತಾರತಮ್ಯ ಮಾಡುವಂತಿಲ್ಲ ಎಂದು 2010ರ ಸಮಾನತಾ ಕಾಯ್ದೆ ಹೇಳುತ್ತದೆ. ಅರ್ಜಿಯಲ್ಲಿ ಧರ್ಮದ ಅಂಕಣವನ್ನೂ ನಾನು ಹೆದರಿ ಖಾಲಿ ಬಿಟ್ಟಿದ್ದೆ. ಬರೆದಿದ್ದರೆ ನಮ್ಮಂಥವರು ಇಲ್ಲಿದ್ದಾರೆ ಅನ್ನುವುದಾದರೂ ಅವರಿಗೆ ತಿಳಿಯುತ್ತಿತ್ತು.

ಚಾಪ್ಲೆನ್ ಇಲ್ಲದ ರಾತ್ರಿಗಳಿಗೆ ಕಷ್ಟ ಹೇಳಿಕೊಳ್ಳಲು ಎರಡು ಸಹಾಯವಾಣಿ ನಂಬರ್ ಮಕ್ಕಳ ಫೋನಿನಲ್ಲಿರಲಿ: ಸಮಾರಿಟನ್ಸ್ 116 123, ಹತ್ತೊಂಬತ್ತು ತುಂಬುವ ತನಕ ಚೈಲ್ಡ್‌ಲೈನ್ 0800 1111. ಎರಡಕ್ಕೂ ದುಡ್ಡು ಬೀಳುವುದಿಲ್ಲ.

ಆ ಚಾಪ್ಲೆನ್ ಹತ್ತಿರ ನಾನು ಕ್ಷಮೆ ಕೇಳಲು ಹೋದದ್ದು ಮೇ ತಿಂಗಳಿನಲ್ಲಿ, ಪರೀಕ್ಷೆ ಶುರುವಾಗುವ ಮುಂಚೆ. ಊರಿನಲ್ಲಿ ಹಾಲ್ ಟಿಕೆಟ್ಟನ್ನು ದೇವರ ಮುಂದಿಟ್ಟು ಹೊರಡುತ್ತೇವೆ ಅಂತ ಮಾತಿಗೆ ಹೇಳಿದೆ. ಪರೀಕ್ಷೆಯ ದಿನ ಬೆಳಿಗ್ಗೆ ಎಂಟಕ್ಕೇ ಬಾಗಿಲು ತೆಗೆದಿಡುತ್ತೇನೆ ಅಂದರು ಆಕೆ. ಆ ದಿನ ಮಗಳು ತನ್ನ ಟೈಮ್‌ಟೇಬಲ್ ಹಾಳೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಪಕ್ಕದಲ್ಲಿದ್ದ ಬ್ಯಾಟರಿ ದೀಪದ ಸ್ವಿಚ್ ಒತ್ತಿ, ಎರಡು ನಿಮಿಷ ನಿಂತಿದ್ದು ಹೊರಟಳು.